ಕ್ಯಾನ್ಸಲ್ ಮಾಡಿ ಸರ್, ಆದ್ರೆ ಬರೆದು ಕೊಡಿ

ನಾನು ಸ್ಟ್ಯಾಂಡಪ್ ಕಾಮಿಡಿ ಮಾಡುವವ ಅಂತ ಗೊತ್ತಾದ ಕೂಡಲೇ ಊರಲ್ಲಿ ಎರಡು ಪ್ರಶ್ನೆ ಬರುತ್ತವೆ. "ಅದರಲ್ಲಿ ಹೊಟ್ಟೆಗೆ ಆಗ್ತದಾ?" ಅಂತ ಒಂದು. "ನಮ್ಮ ಮಂಗಳೂರಲ್ಲಿ ಹೆದರಿಕೆ ಆಗುದಿಲ್ವಾ ಮಾರಾಯಾ?" ಅಂತ ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸುಲಭ. ಸ್ಟ್ಯಾಂಡಪ್‌ನಿಂದ ಆಗುವುದಿಲ್ಲ, ಮದುವೆಗೆ ಮುಂಚಿನ ಮದರಂಗಿ ಕಾರ್ಯಕ್ರಮದ ನಿರೂಪಣೆಯಿಂದ ಆಗುತ್ತದೆ. ಎರಡನೆಯದಕ್ಕೆ ಸ್ವಲ್ಪ ಉದ್ದ ಬರೆಯಬೇಕು. ಕಳೆದ ವಾರದ ಕತೆ ಹೇಳಿದರೆ ಅರ್ಥ ಆದೀತು.

ವಾರದ ಶುರುವಿಗೆ ಮಣಿಪಾಲದಲ್ಲಿ ಓಪನ್ ಮೈಕ್ ಇತ್ತು, ಅಂದರೆ ಯಾರು ಬೇಕಾದರೂ ಹತ್ತಿ ಜೋಕು ಹೇಳುವ ಶೋ. ಕೆಫೆ ತುಂಬ ವಿದ್ಯಾರ್ಥಿಗಳು, ಅರ್ಧಕ್ಕರ್ಧ ಉತ್ತರ ಭಾರತದ ಕಡೆಯವರು. ಮಂಗಳೂರಿನ ಸಿಟಿ ಬಸ್ಸುಗಳೆಲ್ಲ "ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್" (ಅದು ಇಲ್ಲಿನ ಬಸ್‌ಸ್ಟ್ಯಾಂಡಿನ ಹೆಸರು) ಅಂತ ಕೂಗುವುದು ಕೇಳಿ ಒಬ್ಬ ಪಾಸ್‌ಬುಕ್ ಹಿಡಿದುಕೊಂಡು ಹತ್ತಿದ ಅನ್ನುವ ನನ್ನ ಹಳೇ ಜೋಕು ಹೇಳಿದೆ. ಊರಿನ ನಾಲ್ಕು ಹುಡುಗರು ಬಿದ್ದು ಬಿದ್ದು ನಕ್ಕರು. ಉಳಿದವರು ಆ ನಾಲ್ವರನ್ನು ನೋಡಿ ನಕ್ಕರು. ನಗು ನಗುವೇ, ಲೆಕ್ಕಕ್ಕೆ ಬರುತ್ತದೆ.

ಆಮೇಲೆ ಕಾರ್ಕಳದ ಹತ್ತಿರ ಒಂದು ಮದರಂಗಿ. ಮೈಕ್ ಕೈಗೆ ಕೊಡುವ ಮೊದಲು ಹುಡುಗಿಯ ಸೋದರಮಾವ ನನ್ನನ್ನು ಚಪ್ಪರದ ಹಿಂದೆ ಕರೆದುಕೊಂಡು ಹೋದರು.

"ನೋಡಿ, ರಾಜಕೀಯ ಬೇಡ. ದೈವ-ದೇವರು ಬೇಡ. ಜಾತಿ ಅಂತೂ ಬೇಡವೇ ಬೇಡ. ಮೀನಿನ ಸುದ್ದಿಯೂ ಬೇಡ, ಹುಡುಗನ ಕಡೆಯವರು ಸಸ್ಯಾಹಾರಿಗಳು."

"ಮತ್ತೆ ಎಂತ ಮಾತಾಡುದು ಸರ್?"

"ಅತ್ತೆ-ಸೊಸೆ ಉಂಟಲ್ಲ? ಅದು ಎಷ್ಟು ಬೇಕಾದ್ರೂ ಮಾಡಿ."

ಒಪ್ಪಿಕೊಂಡೆ, ಮಾಡಿದೆ, ದುಡ್ಡು ಎಣಿಸಿಕೊಂಡು ಬಂದೆ. ಇದರಲ್ಲಿ ನನ್ನ ಅಭಿವ್ಯಕ್ತಿ ಸ್ವಾತಂತ್ರ್ಯ ಏನೂ ಹೋಗಲಿಲ್ಲ. ಮನೆ ಅವರದ್ದು, ಮದುವೆ ಅವರದ್ದು, ದುಡ್ಡೂ ಅವರದ್ದು. ಬೇಡ ಅನ್ನಿಸಿದರೆ ನಾನು ಹೋಗದೆ ಇರಬಹುದಿತ್ತು. (ಅತ್ತೆಯಂದಿರ ಸಂಘ ಯಾಕೆ ಇನ್ನೂ ನನ್ನ ಮೇಲೆ ದೂರು ಕೊಟ್ಟಿಲ್ಲ ಅನ್ನುವುದು ಬೇರೆ ವಿಷಯ.) ಈ ಮಾತನ್ನು ಮೊದಲೇ ಯಾಕೆ ಹೇಳಿದೆ ಅಂದರೆ, ಯಾರು ಏನು ಬೇಡ ಅಂದರೂ "ಸೆನ್ಸಾರ್" ಅಂತ ಬೊಬ್ಬೆ ಹಾಕುವವರು ನಮ್ಮಲ್ಲಿ ಇದ್ದಾರೆ. ಅವರಿಂದಾಗಿ ನಿಜವಾದದ್ದು ನಡೆದಾಗ ಯಾರೂ ತಿರುಗಿ ನೋಡುವುದಿಲ್ಲ.

ನಿಜವಾದದ್ದು ಗುರುವಾರ ನಡೆಯಿತು. ಗೆಳೆಯನೊಬ್ಬನ ಟಿಕೆಟ್ ಶೋ ಭಾನುವಾರ ಸಂಜೆ ಉಡುಪಿ ಕಡೆಯ ಒಂದು ಹಾಲ್‌ನಲ್ಲಿ ಇತ್ತು. ಹಾಲ್‌ನವರು ಫೋನ್ ಮಾಡಿ ಆಗುವುದಿಲ್ಲ ಅಂದರು. ಕಾರಣ ಕೇಳಿದರೆ, "ಸ್ಟೇಷನ್‌ನಿಂದ ಫೋನ್ ಬಂದಿತ್ತು. ಸುಮ್ನೆ ಯಾಕೆ ರಿಸ್ಕ್?"

ಈ ಗೆಳೆಯನ ಬಗ್ಗೆ ಒಂದು ಮಾತು. ನಾನು ಓಟು ಹಾಕುವ ಪಕ್ಷವನ್ನು ಅವನು ಒಂದು ಗಂಟೆ ನಿಂತು ತೊಳೆಯುತ್ತಾನೆ. ಅವನ ಕೆಲವು ಜೋಕು ನನಗೆ ಸ್ವಲ್ಪವೂ ಸೇರುವುದಿಲ್ಲ, ಮುಖಕ್ಕೇ ಹೇಳಿದ್ದೇನೆ. ಆದರೂ ಶುಕ್ರವಾರ ಬೆಳಿಗ್ಗೆ ಅವನ ಜೊತೆ ಹಾಲ್‌ಗೆ ಹೋದೆ. ಮ್ಯಾನೇಜರ್ ಪಾಪದವರು, ಚಾ ತರಿಸಿದರು. ಮೇಜಿನ ಮೇಲೆ ಬುಕಿಂಗ್ ಡೈರಿ ತೆರೆದೇ ಇತ್ತು. ಅವರು ಎಲ್ಲ ಬುಕಿಂಗನ್ನೂ ಪೆನ್ಸಿಲ್‌ನಲ್ಲಿ ಬರೆಯುತ್ತಾರೆ. ಭಾನುವಾರದ ಸಾಲಿನಲ್ಲಿ ಗೆಳೆಯನ ಹೆಸರನ್ನು ರಬ್ಬರಿನಿಂದ ಉಜ್ಜಿ, ಅದರ ಮೇಲೆಯೇ ಯಾವುದೋ ಮಗುವಿನ ಹುಟ್ಟುಹಬ್ಬ ಬರೆದಾಗಿತ್ತು. ರಬ್ಬರಿನ ಪುಡಿ ಇನ್ನೂ ಡೈರಿಯ ಮಡಿಕೆಯಲ್ಲಿ ಇತ್ತು.

ನಾವು ಜಗಳ ಮಾಡಲಿಲ್ಲ. ಒಂದೇ ಮಾತು ಕೇಳಿದೆವು. ಕ್ಯಾನ್ಸಲ್ ಮಾಡಿ ಸರ್, ಆದ್ರೆ ಯಾಕೆ ಅಂತ ಒಂದು ಗೆರೆ ಬರೆದು ಕೊಡಿ.

"ಬರವಣಿಗೆಯಲ್ಲಿ ಎಲ್ಲ ಬೇಡ ಮಾರಾಯ್ರೆ. ನಿಮಗೆ ಗೊತ್ತುಂಟಲ್ಲ."

ಅಲ್ಲಿಂದ ಸ್ಟೇಷನ್‌ಗೆ. ಅಲ್ಲಿನ ಅಧಿಕಾರಿ ಮರ್ಯಾದೆಯಿಂದಲೇ ಕೂರಿಸಿದರು. ಹಾಸ್ಯ ಕಾರ್ಯಕ್ರಮ ಅಂದಾಗ ಯಕ್ಷಗಾನದ್ದಾ, ನಾಟಕದ್ದಾ ಅಂತ ಕೇಳಿದರು. ಎರಡೂ ಅಲ್ಲ, ಒಬ್ಬನೇ ನಿಂತು ಮಾತಾಡುವುದು ಅಂದೆವು. "ಒಬ್ಬನೇ ಮಾತಾಡುದಕ್ಕೆ ಟಿಕೆಟಾ?" ಅಂತ ಅವರಿಗೆ ಆಶ್ಚರ್ಯ. ಆಮೇಲೆ ವಿಷಯಕ್ಕೆ ಬಂದರು. "ನಾವು ಕ್ಯಾನ್ಸಲ್ ಮಾಡಿ ಅಂತ ಹೇಳಿಲ್ಲ. ಜಾಗ್ರತೆ ಅಂತ ಹೇಳಿದ್ದು ಅಷ್ಟೇ." ಸರಿ ಸರ್, ಹಾಗಾದರೆ ಅಡ್ಡಿ ಇಲ್ಲ ಅಂತ ಬರೆದು ಕೊಡುತ್ತೀರಾ? ಅದೂ ಆಗುವುದಿಲ್ಲ.

ನೋಡಿ, ಇದೇ ನಮ್ಮ ಊರಿನ ಸೆನ್ಸಾರ್. ಹಾಲ್‌ನವರನ್ನು ಕೇಳಿದರೆ ಪೊಲೀಸರು, ಪೊಲೀಸರನ್ನು ಕೇಳಿದರೆ ಹಾಲ್‌ನವರು. ಶೋ ನಿಂತದ್ದು ನಿಜ, ನಿಲ್ಲಿಸಿದವರು ಮಾತ್ರ ಯಾರೂ ಇಲ್ಲ.

ಸಂವಿಧಾನದ 19(1)(ಎ) ನಮಗೆ ಮಾತಾಡುವ ಹಕ್ಕು ಕೊಟ್ಟಿದೆ, 19(2) ಅದಕ್ಕೆ ಮಿತಿ ಹಾಕಿದೆ. ಆ ಮಿತಿ ಇರಲಿ ಅಂತಲೇ ನನ್ನ ಅಭಿಪ್ರಾಯ. ಆದರೆ ಅಲ್ಲಿ ಸ್ಪಷ್ಟವಾಗಿ ಹೇಳಿದ್ದು, ನಿರ್ಬಂಧ ಹಾಕುವುದಾದರೆ ಕಾನೂನಿನ ಮೂಲಕ ಹಾಕಬೇಕು ಅಂತ. ಮಧ್ಯಾಹ್ನ ಊಟದ ಹೊತ್ತಿಗೆ ಬರುವ ಫೋನ್ ಕಾಲ್ ಕಾನೂನು ಅಲ್ಲ. ಬರೆದ ಆದೇಶ ಇದ್ದರೆ ನಾವು ಹೈಕೋರ್ಟಿಗೆ ಹೋಗಬಹುದು. ಫೋನ್ ಕಾಲ್ ಹಿಡಿದುಕೊಂಡು ಎಲ್ಲಿಗೆ ಹೋಗುವುದು?

2021ರ ನವೆಂಬರ್‌ನಲ್ಲಿ ಬೆಂಗಳೂರಲ್ಲಿ ಸ್ಟ್ಯಾಂಡಪ್ ಕಲಾವಿದ ಮುನವ್ವರ್ ಫಾರೂಕಿ ಶೋ ರದ್ದಾದದ್ದು ನೆನಪಿರಬಹುದು. ಆವತ್ತು ಪೊಲೀಸರು ಆಯೋಜಕರಿಗೆ ಪತ್ರವನ್ನೇ ಬರೆದಿದ್ದರು. ಆ ಪತ್ರ ಪೇಪರಲ್ಲಿ ಬಂತು, ದೇಶ ಇಡೀ ಓದಿತು, ವಾದ ನಡೆಯಿತು. ರದ್ದು ಮಾಡಿದ್ದು ತಪ್ಪೇ. ಆದರೆ ಜಗಳ ಮಾಡಲಿಕ್ಕೆ ಕೈಯಲ್ಲಿ ಒಂದು ಕಾಗದ ಇತ್ತು. ನಮ್ಮ ಕಡೆ ಅದೂ ಇಲ್ಲ.

ಹಾಲ್‌ನವರನ್ನು ಬೈದು ಪ್ರಯೋಜನ ಇಲ್ಲ ಅಂತ ನನಗೆ ಗೊತ್ತು. 2025ರ ಮಾರ್ಚ್‌ನಲ್ಲಿ ಸ್ಟ್ಯಾಂಡಪ್ ಕಲಾವಿದ ಕುನಾಲ್ ಕಾಮ್ರಾ ಜೋಕಿಗೆ ಸಿಟ್ಟಾದವರು ಮುಂಬಯಿಯಲ್ಲಿ ಹೋಗಿ ಒಡೆದದ್ದು ಶೋ ನಡೆದಿದ್ದ ಸ್ಟುಡಿಯೋವನ್ನು. ಕಾಮ್ರಾ ಆವತ್ತು ಅಲ್ಲಿ ಇರಲೇ ಇಲ್ಲ. ಮರುದಿನ ಪಾಲಿಕೆಯವರೂ ಸುತ್ತಿಗೆ ಹಿಡಿದು ಬಂದರು. ಜೋಕು ಹೇಳಿದವನಿಗಿಂತ ಕುರ್ಚಿ ಹಾಕಿದವನಿಗೆ ನಷ್ಟ ಜಾಸ್ತಿ. ನಮ್ಮ ಮ್ಯಾನೇಜರ್‌ಗೂ ಎಸಿಯ ಸಾಲ ಇದೆ, ಲೈಸೆನ್ಸ್ ರಿನ್ಯೂವಲ್ ಇದೆ.

ಪೊಲೀಸರ ಹೆದರಿಕೆಯೂ ಸುಳ್ಳಲ್ಲ. 2025ರ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕರಾವಳಿಯಲ್ಲಿ ಒಂದರ ಹಿಂದೆ ಒಂದು ಕೊಲೆ ಆದವು. ನಿಷೇಧಾಜ್ಞೆ ಬಂತು, ಜೂನ್‌ನಲ್ಲಿ ವಿಶೇಷ ಕಾರ್ಯಪಡೆಯೇ ಬಂತು. ಅಂಥ ಕಡೆ ಕೆಲಸ ಮಾಡುವ ಅಧಿಕಾರಿ "ಜಾಗ್ರತೆ" ಅಂದರೆ ನಾನು ನಗುವುದಿಲ್ಲ. ಆದರೆ ಜಾಗ್ರತೆ ಅಂದರೆ ಬಾಗಿಲಲ್ಲಿ ಇಬ್ಬರು ಕಾನ್‌ಸ್ಟೇಬಲ್ ನಿಲ್ಲುವುದು ಅಲ್ವಾ? ಸುಪ್ರೀಂ ಕೋರ್ಟ್ 1989ರಲ್ಲೇ ರಂಗರಾಜನ್ ಪ್ರಕರಣದಲ್ಲಿ ಇದನ್ನು ಹೇಳಿದೆ. ಗಲಾಟೆ ಆದೀತು ಅಂತ ಬೆದರಿಕೆ ಇದ್ದ ಮಾತ್ರಕ್ಕೆ ಮಾತನ್ನು ಅಡಗಿಸಲಿಕ್ಕಿಲ್ಲ, ಗಲಾಟೆ ತಡೆಯುವುದು ಸರಕಾರದ ಕೆಲಸ ಅಂತ. ಬೆದರಿಸಿದವ ಮನೆಯಲ್ಲಿ ಕೂತಿರುತ್ತಾನೆ, ಮಾತಾಡುವವ ಸ್ಟೇಷನ್‌ನಲ್ಲಿ ಕೂತಿರುತ್ತಾನೆ. ಇದು ಯಾವ ನ್ಯಾಯ?

ಶನಿವಾರ ಸಂಜೆ ನಮ್ಮ ಗುಂಪಿನ ಸಭೆ ಇತ್ತು. ಗುಂಪು ಅಂದರೆ ದೊಡ್ಡದೇನಲ್ಲ. ಕೆಲವು ಸ್ಟ್ಯಾಂಡಪ್ ಹುಡುಗ ಹುಡುಗಿಯರು, ಒಬ್ಬರು ವಕೀಲೆ, ತುಳು ನಾಟಕದವರು, ಒಬ್ಬರು ರಿಟೈರ್ಡ್ ಮಾಷ್ಟ್ರು. ಹೋಟೆಲಲ್ಲಿ ಗೋಳಿಬಜೆ ತಿನ್ನುತ್ತಾ ಕಾನೂನು ಓದುತ್ತೇವೆ. ಆವತ್ತು ವಕೀಲೆ ಹೇಳಿಕೊಟ್ಟದ್ದು ಎಲ್ಲ ಕಲಾವಿದರಿಗೂ ಬೇಕಾದದ್ದು. ಧಾರ್ಮಿಕ ಭಾವನೆಗೆ ಧಕ್ಕೆ ಅನ್ನುವ ಹಳೇ ಐಪಿಸಿಯ 295ಎ ಸೆಕ್ಷನ್ ಈಗ ಭಾರತೀಯ ನ್ಯಾಯ ಸಂಹಿತೆಯ 299 ಆಗಿದೆ. ಅದಕ್ಕೆ ಉದ್ದೇಶಪೂರ್ವಕ, ದುರುದ್ದೇಶದ ಅವಮಾನ ಇರಬೇಕು. ಯಾರಿಗೋ ಬೇಜಾರಾಯಿತು ಅಂದರೆ ಸಾಲುವುದಿಲ್ಲ. ಶಿಕ್ಷೆ ಮೂರು ವರ್ಷದವರೆಗೆ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಇಂಥ ಪ್ರಕರಣಗಳಲ್ಲಿ, ನಾಗರಿಕ ಸುರಕ್ಷಾ ಸಂಹಿತೆಯ 173(3)ರ ಪ್ರಕಾರ, ಎಫ್‌ಐಆರ್‌ಗೆ ಮೊದಲು ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಲಿಕ್ಕೆ ಅವಕಾಶ ಇದೆ. 2025ರ ಮಾರ್ಚ್ 28ರಂದು ಕವಿ, ಸಂಸದ ಇಮ್ರಾನ್ ಪ್ರತಾಪ್‌ಗಢಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಾತು-ಬರಹದ ಇಂಥ ಪ್ರಕರಣಗಳಲ್ಲಿ ಆ ಅವಕಾಶವನ್ನು ಬಳಸುವುದೇ ಸರಿ ಎಂದಿದೆ. ಕವಿತೆ ಓದಿದ್ದರಿಂದ, ಸ್ಟ್ಯಾಂಡಪ್ ಮಾಡಿದ್ದರಿಂದ ಸಮುದಾಯಗಳ ಮಧ್ಯೆ ದ್ವೇಷ ಹುಟ್ಟುತ್ತದೆ ಅನ್ನುವಷ್ಟು ದುರ್ಬಲ ಆಗಬಾರದು ನಮ್ಮ ಗಣರಾಜ್ಯ ಅಂತಲೂ ಹೇಳಿದೆ. ಸ್ಟ್ಯಾಂಡಪ್ ಅನ್ನುವ ಶಬ್ದ ತೀರ್ಪಿನಲ್ಲೇ ಇದೆ. ಇನ್ನು ಮುಂದೆ ಸ್ಟೇಷನ್‌ಗೆ ಹೋಗುವಾಗ ಆ ಪುಟದ ಪ್ರಿಂಟ್ ಕಿಸೆಯಲ್ಲಿ ಇರುತ್ತದೆ.

ಸಭೆಯಲ್ಲಿ ಜಗಳವೂ ಆಯಿತು. 2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಪಾಸಾದ ದ್ವೇಷ ಭಾಷಣ ತಡೆ ಮಸೂದೆಯ ಬಗ್ಗೆ. ಕರಾವಳಿಗೆ ಅಂಥದ್ದೊಂದು ಬೇಕು ಅಂತ ಮಾಷ್ಟ್ರು. ಅವರ ಮಾತಿನಲ್ಲಿ ತೂಕ ಇದೆ, ಇಲ್ಲಿನ ಭಾಷಣಗಳನ್ನು ಕೇಳಿದವರಿಗೆ ಗೊತ್ತು. ನನಗೆ ಮಾತ್ರ ಧೈರ್ಯ ಬರುವುದಿಲ್ಲ. ನಾನು ಓಟು ಹಾಕಿದ ಸರಕಾರವೇ ತಂದದ್ದಾದರೂ, ನಾಳೆ ಆ ಲಾಠಿ ಯಾರ ಕೈಗೆ ಹೋಗುತ್ತದೆ ಅಂತ ಯಾರಿಗೆ ಗೊತ್ತು? ಬೀದರಿನಲ್ಲಿ 2020ರಲ್ಲಿ ಶಾಲಾ ಮಕ್ಕಳ ನಾಟಕಕ್ಕೆ ರಾಜದ್ರೋಹದ ಕೇಸು ಹಾಕಿದ್ದರು. ಅದನ್ನು ಹೈಕೋರ್ಟ್ ರದ್ದು ಮಾಡಿದ್ದು 2023ರಲ್ಲಿ.

"ನಮ್ಮ ಸಂಸ್ಕೃತಿಯಲ್ಲಿ ಇದೆಲ್ಲ ಇಲ್ಲ" ಅಂತ ಕಮೆಂಟ್ ಹಾಕಲು ಬೆರಳು ತುರಿಸುತ್ತಿರುವವರಿಗೆ ಒಂದು ಮಾತು. ಮಳೆಗಾಲದಲ್ಲಿ ಯಾವುದಾದರೂ ದೇವಸ್ಥಾನದ ತಾಳಮದ್ದಳೆಗೆ (ವೇಷ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಹೋಗಿ, ವಾಲಿವಧೆ ಪ್ರಸಂಗ ಕೇಳಿ. ಬಾಣ ನೆಟ್ಟು ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದ ರಾಮನನ್ನು ಎಂಥೆಂಥ ಪ್ರಶ್ನೆ ಕೇಳುತ್ತಾನೆ! ಕೇಳುವುದು ದೇವರ ಎದುರು, ದೇವರನ್ನೇ. ರಾಮನ ಅರ್ಥ, ಅಂದರೆ ರಾಮನ ಪಾತ್ರದ ಮಾತು, ಹೇಳುವವರು ಬೆವರುತ್ತಾರೆ. ಕೂತವರೆಲ್ಲ ರಾಮಭಕ್ತರು, ಆದರೂ ವಾಲಿಯ ಮಾತಿಗೆ ತಲೆದೂಗುತ್ತಾರೆ. ಯಕ್ಷಗಾನದ ದೊಡ್ಡ ಕಲಾವಿದ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಹಿರಿಯರು ಈಗಲೂ ನೆನಪಿಸಿಕೊಳ್ಳುತ್ತಾರೆ. ಅದೇ ಶೇಣಿಯವರು ಬಪ್ಪನಾಡು ದೇವಸ್ಥಾನದ ಕತೆಯಲ್ಲಿ ಮುಸ್ಲಿಂ ವ್ಯಾಪಾರಿ ಬಪ್ಪಬ್ಯಾರಿ ಆಗಿ ರಂಗಕ್ಕೆ ಬಂದರೆ ಜನ ಮುಗಿಬೀಳುತ್ತಿದ್ದರು. ವಾಲಿಗೆ ಸಿಕ್ಕ ದೊಡ್ಡ ಅನುಕೂಲ, ಎದುರು ಕೂತವರು ರಾಮನ ಉತ್ತರವನ್ನೂ ಕೇಳಿಯೇ ಮನೆಗೆ ಹೋಗುತ್ತಿದ್ದರು. ಈಗ ವಾಲಿಯ ಮೂವತ್ತು ಸೆಕೆಂಡನ್ನು ಕತ್ತರಿಸಿ ವಾಟ್ಸಪ್‌ಗೆ ಹಾಕಿದರೆ ಅವನ ಮೇಲೂ 299 ಬಿದ್ದೀತು.

ಈಗ ಸದ್ಯದ ಸ್ಥಿತಿ. ಗೆಳೆಯನ ಶೋ ಭಾನುವಾರ ಆಗಲಿಲ್ಲ. ಹುಟ್ಟುಹಬ್ಬ ಆಗಿರಬೇಕು. ಶೋ ನಿಲ್ಲಿಸಲು ಮೌಖಿಕವಾಗಿ ಯಾರು ಹೇಳಿದ್ದು, ಯಾವ ಕಾನೂನಿನ ಪ್ರಕಾರ ಹೇಳಿದ್ದು ಅಂತ ಆರ್‌ಟಿಐ ಅರ್ಜಿ ಹಾಕಿದ್ದೇವೆ. ಸೀಲು ಹಾಕಿದ ಸ್ವೀಕೃತಿ ಕೈಯಲ್ಲಿದೆ. 30 ದಿನದಲ್ಲಿ ಉತ್ತರ ಬರಬೇಕು. "ಅಂಥ ಮಾಹಿತಿ ಇಲ್ಲ" ಅಂತ ಬಂದರೂ ಒಳ್ಳೆಯದೇ. ಯಾರೂ ನಿಲ್ಲಿಸಲು ಹೇಳಿಲ್ಲ ಅಂತ ಅದನ್ನೇ ಹಾಲ್‌ನವರ ಎದುರು ಇಟ್ಟು ಮತ್ತೆ ಡೇಟು ಕೇಳುತ್ತೇವೆ. ಈ ಸಲ ಪೆನ್ನಿನಲ್ಲಿ ಬರೆಯಿರಿ ಅಂತಲೂ ಹೇಳುತ್ತೇವೆ.

ಟಿಕೆಟ್ ತೆಗೆದುಕೊಂಡವರ ದುಡ್ಡು ವಾಪಸ್ ಬರುತ್ತಿದೆ. ಬಾರದಿದ್ದವರು ಇನ್‌ಬಾಕ್ಸ್‌ಗೆ ಬನ್ನಿ.