ನಲವತ್ತು ಮಕ್ಕಳು, ಒಂದೇ ಬೆಕ್ಕು

ಕುವೆಂಪುನಗರದ ಮನೆಯಲ್ಲಿ ನನ್ನ ತಮ್ಮನ ಮಗಳು ತುಳಸಿಕಟ್ಟೆ ಸುತ್ತುತ್ತಾ "ಜೆ ಅಂ ಶಾ, ಜೆ ಅಂ ಶಾ" ಎಂದು ಜಪಿಸುತ್ತಿದ್ದಳು. ಹತ್ತನೆಯ ತರಗತಿಯಲ್ಲವೇ, ಯಾರೋ ಶನಿಕಾಟಕ್ಕೆ ಮಂತ್ರ ಹೇಳಿಕೊಟ್ಟಿರಬೇಕೆಂದು ನಮ್ಮಮ್ಮ ದೀಪಕ್ಕೆ ಇನ್ನಷ್ಟು ಎಣ್ಣೆ ಹಾಕಿದರು. ವಿಚಾರಿಸಿದರೆ ಅದು ಫ್ರೆಂಚ್. "ನನ್ನ ಬಳಿ ಒಂದು ಬೆಕ್ಕಿದೆ" ಎಂದರ್ಥವಂತೆ. ಸೋಮವಾರ ಮಾತಿನ ಪರೀಕ್ಷೆ.

"ನಮ್ಮ ಮನೆಯಲ್ಲಿ ಬೆಕ್ಕೇ ಇಲ್ಲವಲ್ಲ, ಪುಟ್ಟಿ?"

"ಮಿಸ್ ಕೊಟ್ಟ ಪ್ಯಾರಾದಲ್ಲಿದೆ, ದೊಡ್ಡಪ್ಪ. ನಮ್ಮ ತರಗತಿಯಲ್ಲಿ ಎಲ್ಲರ ಮನೆಯಲ್ಲೂ ಇದೆ."

ಅದೇ ಪ್ಯಾರಾದ ಪ್ರಕಾರ ನಲವತ್ತು ಮಕ್ಕಳಿಗೂ ಪಾಲ್ ಎಂಬ ಅಣ್ಣನಿದ್ದಾನೆ, ನಲವತ್ತು ಅಪ್ಪಂದಿರೂ ವೈದ್ಯರು. ವಿಮಾ ಏಜೆಂಟನಾದ ನನ್ನ ತಮ್ಮ ಇದನ್ನು ಕೇಳಿ ಕೊಂಚ ಎದೆಯುಬ್ಬಿಸಿದ.

ಮಿಸ್ಸನ್ನು ಬೈದು ಫಲವಿಲ್ಲ. ನಲವತ್ತು ನಿಮಿಷದ ಪೀರಿಯಡ್, ನಲವತ್ತು ಮಕ್ಕಳು. ತಲೆಗೊಂದು ನಿಮಿಷ. ಎದ್ದು ಬಂದು, ಟೈ ಸರಿಮಾಡಿಕೊಂಡು "ಬೋಂಜೂರ್" ಎನ್ನುವಷ್ಟರಲ್ಲಿ ಹಿಂದಿನವನು ಬೆನ್ನಿಗೆ ಬಂದಿರುತ್ತಾನೆ. ಸಿಬಿಎಸ್‌ಇ ಲೆಕ್ಕವೂ ಹಾಗೆಯೇ: 100 ಅಂಕಗಳಲ್ಲಿ 80 ಬರೆಯುವುದಕ್ಕೆ, 20 ಶಾಲೆಯೊಳಗಿನ ಮೌಲ್ಯಮಾಪನಕ್ಕೆ. ಆ ಇಪ್ಪತ್ತರಲ್ಲಿ ಕಿವಿ, ಬಾಯಿ ಎರಡೂ ಹಂಚಿಕೊಂಡು ತಿನ್ನಬೇಕಾದದ್ದು 5. ಐಫೆಲ್ ಗೋಪುರಕ್ಕೆ ಚಮಕಿ ಅಂಟಿಸಿದ ಫೈಲಿಗೂ 5. ನಾಲಿಗೆಗಿಂತ ಗೋಂದಿನ ಮೇಲೆ ನಂಬಿಕೆಯಿಡುವುದೇ ಜಾಣತನ.

ಯುರೋಪಿನವರು 2001ರಲ್ಲಿ ಭಾಷಾಜ್ಞಾನವನ್ನು ಎ1ರಿಂದ ಸಿ2ವರೆಗೆ ಆರು ಮೆಟ್ಟಿಲು ಮಾಡಿದರು. ಎದುರಿನವರು ನಿಧಾನವಾಗಿ ಕೇಳಿದರೆ ನಮ್ಮ ಬಗ್ಗೆ ಎರಡು ಮಾತು ಹೇಳಬಲ್ಲೆವು ಎಂಬುದು ಮೊದಲ ಮೆಟ್ಟಿಲು. ಅಲ್ಲಿ ಎದುರಿಗೊಬ್ಬರು ಇರಬೇಕಾಗುತ್ತದೆ ನೋಡಿ, ಅದೇ ತೊಡಕು. ನಾವೇನು ಕಡಿಮೆ? ಎಸ್‌ಎಸ್‌ಎಲ್‌ಸಿಯಲ್ಲಿ ಸಂಸ್ಕೃತಕ್ಕೆ 125ಕ್ಕೆ 125 ಹೊಡೆದ ನನ್ನ ಗೆಳೆಯ ಇಂದಿಗೂ ಆ ಭಾಷೆಯಲ್ಲಿ ಒಂದು ಲೋಟ ನೀರು ಕೇಳಲಾರ. ಉತ್ತರಗಳನ್ನೂ ಬಹುಪಾಲು ಕನ್ನಡದಲ್ಲೇ ಬರೆದಿದ್ದ.

ಭಾನುವಾರ ಗೋಕುಲಂಗೆ ಹೋಗಿದ್ದೆವು. ಯೋಗ ಕಲಿಯಲು ಪರದೇಶದವರು ಬಂದು ತಿಂಗಳುಗಟ್ಟಲೆ ತಂಗುವ ಬಡಾವಣೆ. ಎಳನೀರು ಗಾಡಿಯ ಮುಂದೆ ಚಾಪೆ ಸುತ್ತಿ ಹೆಗಲಿಗೇರಿಸಿಕೊಂಡ ಒಬ್ಬ ಹೆಂಗಸು "ಕೊಂಬ್ಯಾಂ?" ಎಂದರು. ಎಳನೀರಿನವನು ಮಚ್ಚಿನಿಂದ ತಲೆಯೆತ್ತದೆ "ಸ್ಯಾಂಕಾಂತ್" ಎಂದ. ಅವರು "ಕಾರಾಂತ್!" ಎಂದರು. ಅವನು "ನೋಂ, ಮದಾಂ" ಎಂದ. ಸಂಕ್ರಾಂತಿಗೆ ಬರುವ ಯಾವುದೋ ಕಾರಂತರ ವಿಷಯವಿರಬೇಕೆಂದು ನಾನು ಸುಮ್ಮನಿದ್ದೆ.

"ಐವತ್ತು, ನಲವತ್ತು" ಎಂದು ಪುಟ್ಟಿ ಪಿಸುಗುಟ್ಟಿದಳು. "ಸ್ಪೆಲ್ಲಿಂಗ್ ಬರೆದು ತೋರಿಸಲೇ, ದೊಡ್ಡಪ್ಪ?"

ಸ್ಪೆಲ್ಲಿಂಗ್ ಬೇಡ, ಮಾತನಾಡಿಸು ಎಂದು ಬೆನ್ನು ತಟ್ಟಿದೆ. ಅವಳು ಕೈಕಟ್ಟಿ ನೆಟ್ಟಗೆ ನಿಂತು, ಕಣ್ಣು ಮುಚ್ಚಿ, ಹೆಸರಿನಿಂದ ಪಾಲ್‌ವರೆಗೆ, ಪಾಲ್‌ನಿಂದ ಬೆಕ್ಕಿನವರೆಗೆ ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ಆ ತಾಯಿಗೆ ಎಷ್ಟು ಸಂತೋಷವಾಯಿತೆಂದರೆ ಎಳನೀರನ್ನು ಬದಿಗಿಟ್ಟು ಏನೋ ಕೇಳಿದರು. ಪುಟ್ಟಿ ನನ್ನ ಮುಖ ನೋಡಿದಳು. ನಾನು ಎಳನೀರಿನವನ ಮುಖ ನೋಡಿದೆ.

"ಬೆಕ್ಕಿನ ಹೆಸರೇನು ಎಂದು ಕೇಳುತ್ತಿದ್ದಾರೆ ಸ್ವಾಮಿ" ಎಂದ ಅವನು, ಗಂಜಿ ಕೆರೆಯುತ್ತಾ.

ಹೆಸರು ಪೋರ್ಷನ್ನಿನಲ್ಲಿ ಇರಲಿಲ್ಲ. ಹುಡುಗಿಯ ಕಣ್ಣಲ್ಲಿ ನೀರಾಡಿತು. ಕೊನೆಗೆ ಅವನೇ ಕನಿಕರಿಸಿ "ಕರಿಯ" ಎಂದು ಉತ್ತರಿಸಿ ಮಾನ ಕಾಪಾಡಿದ. ಯಾವ ಮೆಟ್ಟಿಲಿನಲ್ಲಿದ್ದೀಯಪ್ಪ ಎಂದು ಕೇಳಿದ್ದಕ್ಕೆ, ಏಳನೆಯದಕ್ಕೇ ಶಾಲೆ ಬಿಟ್ಟೆ ಎಂದ.

ಸೋಮವಾರ ಸಂಜೆ ಪುಟ್ಟಿ ಕುಣಿಯುತ್ತಾ ಬಂದಳು. ಐದಕ್ಕೆ ಐದು. ಮಿಸ್ಸಿಗೆ ಹೆಸರು ಹಿಡಿಸಿ ಪ್ಯಾರಾಕ್ಕೆ ಒಂದು ಸಾಲು ಸೇರಿಸಿದರಂತೆ. ಈಗ ನಲವತ್ತು ಬೆಕ್ಕುಗಳೂ ಕರಿಯ.