ಮಳೆಗೆ ಹೆದರುವ ಮುಕ್ಕಾಲು ಲಕ್ಷ

ನಿನ್ನೆಯಿಂದ ತಲೆ ಬಿಸಿಯಾಗಿದೆ. ಬರೆದರೆ ಸ್ವಲ್ಪ ಇಳಿಯಬಹುದೆಂದು ಬರೆಯುತ್ತಿದ್ದೇನೆ. ಕ್ಯಾಮೆರಾ ಪುರಾಣ ಬೇಡ ಎನ್ನುವವರು ಇಲ್ಲಿಂದಲೇ ಮುಂದೆ ಹೋಗಿ, ಕಾಫಿ ಬೆಲೆಯ ಗೋಳು ಇನ್ನೊಂದು ದಿನ ತೋಡಿಕೊಳ್ಳುತ್ತೇನೆ.

ಗದ್ದೆಯಲ್ಲಿ ನಾಟಿ ನಡೆದಿತ್ತು. ಪುಷ್ಯ ಮಳೆಯ ಬಗ್ಗೆ ಮೂಡಿಗೆರೆ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಅದು ನಿಲ್ಲುವುದಿಲ್ಲ. ಜೋರಾಗಿ ಬರುತ್ತದೆ, ಇಲ್ಲವೇ ಇನ್ನೂ ಜೋರಾಗಿ ಬರುತ್ತದೆ. ನಾಟಿಗೆ ಬಂದಿದ್ದ ಹೆಂಗಸರೆಲ್ಲ ನೀಲಿ, ಹಳದಿ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಬಗ್ಗಿದ್ದರು. ಅವರ ನಡುವೆ ಒಬ್ಬ ಅಜ್ಜಿ ಮಾತ್ರ ತಲೆ, ಬೆನ್ನು ಮುಚ್ಚುವ ಹಳೆಯ ಕಾಲದ ಗೊರಬು ಹೊತ್ತುಕೊಂಡು ಬಂದಿದ್ದರು. ಗೊರಬು ನೋಡಿ ಎಷ್ಟು ವರ್ಷವಾಯಿತು ಹೇಳಿ! ಬಿದಿರಿನ ಸೀಳುಗಳ ಹೆಣಿಗೆ, ನಡುವೆ ಒಣಗಿದ ಎಲೆಯ ಪದರ, ಅಂಚಿನಲ್ಲಿ ಹೊಗೆ ಕುಡಿದು ಕಪ್ಪಾದ ಬಣ್ಣ. ಅಟ್ಟದ ಮೇಲೆ ಇಷ್ಟು ವರ್ಷ ಮಲಗಿದ್ದದ್ದನ್ನು ಇಳಿಸಿ ತಂದಿರಬೇಕು. ಮಳೆಯ ಹನಿ ಅದರ ಬೆನ್ನಿನ ಮೇಲೆ ಬಿದ್ದು, ಹೆಣಿಗೆಯ ಸಾಲು ಹಿಡಿದು ಓರೆಯಾಗಿ ಜಾರಿ, ಅಂಚಿನಲ್ಲಿ ಒಂದೊಂದೇ ತೊಟ್ಟಾಗಿ ನೇತಾಡುತ್ತಿತ್ತು.

ನನ್ನ ಕ್ಯಾಮೆರಾ ಎಲ್ಲಿತ್ತು? ಮನೆಯ ಒಳಗೆ. ಬೀರುವಿನಲ್ಲಿ. ಸ್ಟೀಲ್ ಡಬ್ಬಿಯಲ್ಲಿ. ಸಿಲಿಕಾ ಜೆಲ್ ಪೊಟ್ಟಣಗಳ ನಡುವೆ.

ಅಕ್ಕನ ಮಗ ಬೆಂಗಳೂರಿನಿಂದ ಬಂದಿದ್ದಾನೆ. ಅವನು ಜೇಬಿನಿಂದ ಮೊಬೈಲ್ ತೆಗೆದ, ಸುರಿಯುವ ಮಳೆಯಲ್ಲೇ ಹತ್ತಾರು ಚಿತ್ರ ಹೊಡೆದ, ಕೆಸರು ಹತ್ತಿದ್ದನ್ನು ಕಾಲುವೆಯ ನೀರಿನಲ್ಲಿ ಅದ್ದಿ ತೊಳೆದ, ನನ್ನ ಹೆಗಲ ಮೇಲಿದ್ದ ಟವೆಲಿನಲ್ಲೇ ಒರೆಸಿದ. ಆಮೇಲೆ ಹೇಳಿದ: ‘ಮಾವ, ನಿಮ್ಮದು ಪಾಪ, ಬೆಚ್ಚಗೆ ಒಳಗೇ ಇರಲಿ ಬಿಡಿ.’

ಸಿಟ್ಟು ಬಾರದೆ ಇರುತ್ತದೆಯೇ? ಬಂದದ್ದು ಅವನ ಮೇಲಲ್ಲ. ಅವನು ಹೇಳಿದ್ದು ಸರಿಯಾಗಿಯೇ ಇತ್ತು, ಅದಕ್ಕೇ ಇನ್ನೂ ಜಾಸ್ತಿ ಬಂತು. ನಾನು ಕೊಳ್ಳುವಾಗ ಮುಕ್ಕಾಲು ಲಕ್ಷದ ಆಸುಪಾಸಿನಲ್ಲಿ ಮಾರುತ್ತಿದ್ದ ಈ ಮುಂದುವರಿದ ಕಾಂಪ್ಯಾಕ್ಟ್ (ಜೇಬಿಗೆ ಹಿಡಿಯುವ, ಲೆನ್ಸ್ ಕಳಚಲಾಗದ) ಕ್ಯಾಮೆರಾಗಳನ್ನು ಮಾಡುವ ಜನಕ್ಕೆ ಮಳೆ ಎಂಬುದೊಂದು ಇದೆ ಎಂದು ಯಾರಾದರೂ ಹೇಳಿದ್ದಾರೆಯೇ?

ನಾನು ಈ ಜಾತಿಯ ಕ್ಯಾಮೆರಾದ ವಿರೋಧಿಯಲ್ಲ, ಅದು ನಿಮಗೆಲ್ಲ ಗೊತ್ತು. ದೊಡ್ಡ ಕ್ಯಾಮೆರಾ, ಮೂರು ಲೆನ್ಸು, ಬೆನ್ನು ಮುರಿಯುವ ಚೀಲ, ಇವೆಲ್ಲವನ್ನೂ ಮಾರಿ ಇದಕ್ಕೆ ಬಂದವನು ನಾನು. ತೋಟದಲ್ಲಿ ಅಡ್ಡಾಡುವವನಿಗೆ ಕತ್ತಿಯ ಜೊತೆ ಎರಡು ಕಿಲೋ ಗಾಜು ಹೊರುವ ಕರ್ಮ ಯಾಕೆ? 2012ರಲ್ಲಿ ಸೋನಿಯ ಮೊದಲ ಆರ್‌ಎಕ್ಸ್100 ಬಂದಾಗ ಅದರ ತೂಕ ಬ್ಯಾಟರಿ ಸೇರಿ 240 ಗ್ರಾಂ. ಅಂಗಿಯ ಜೇಬು ಜೋತರೂ ಹರಿಯುತ್ತಿರಲಿಲ್ಲ. ಒಳಗೆ ಬೆಳಕನ್ನು ಚಿತ್ರವಾಗಿಸುವ 13.2ಕ್ಕೆ 8.8 ಮಿಲಿಮೀಟರಿನ ಸೆನ್ಸರ್. ಅದುವರೆಗಿನ ಸಾಮಾನ್ಯ ಪುಟ್ಟ ಕ್ಯಾಮೆರಾಗಳ ಸೆನ್ಸರಿಗಿಂತ ವಿಸ್ತೀರ್ಣದಲ್ಲಿ ಸುಮಾರು ನಾಲ್ಕು ಪಟ್ಟು. ಮುಂದೆ ಎಫ್1.8ರ ಲೆನ್ಸ್ (ಈ ಸಂಖ್ಯೆ ಸಣ್ಣದಾದಷ್ಟೂ ಒಳಬರುವ ಬೆಳಕು ಹೆಚ್ಚು). ಆಮೇಲೆ ಎಲ್ಲರೂ ಆ ದಾರಿ ಹಿಡಿದರು. ಕ್ಯಾನನ್ 2014ರಲ್ಲಿ ಜಿ7 ಎಕ್ಸ್ ತಂದಿತು. ರಿಕೋ ತನ್ನ ಜಿಆರ್ ಸರಣಿಯಲ್ಲಿ ಜೂಮ್ ಗೊಡವೆಯೇ ಬೇಡವೆಂದು ದೊಡ್ಡ ಕ್ಯಾಮೆರಾಗಳ ಎಪಿಎಸ್-ಸಿ ಸೆನ್ಸರನ್ನೇ ಅಂಗೈಯಗಲದ ಡಬ್ಬಿಯೊಳಗೆ ತುರುಕಿತು.

ಇದರ ಬೆಲೆ ಗೊತ್ತಾಗಬೇಕಾದರೆ ಬೇಲೂರಿನ ಚೆನ್ನಕೇಶವನ ಗುಡಿಯ ನವರಂಗದೊಳಗೆ, ಗರ್ಭಗುಡಿಯ ಮುಂದಿನ ಕಂಬಗಳ ಮಂಟಪದಲ್ಲಿ, ಹೋಗಿ ನಿಲ್ಲಬೇಕು. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದಾಗ ಆ ಮಂಟಪ ತೆರೆದೇ ಇತ್ತಂತೆ. ಎರಡನೆಯ ಬಲ್ಲಾಳನ ಕಾಲದಲ್ಲಿ ಸುತ್ತ ಜಾಲಂಧ್ರ, ಅಂದರೆ ಕಲ್ಲಿನ ಜಾಲರಿ, ಕೂರಿಸಿದ ಮೇಲೆ ಒಳಗೆ ಕತ್ತಲು. ಹೊರಗಿನ ಬಿಸಿಲಿನಿಂದ ಹೊಸ್ತಿಲು ದಾಟಿದರೆ ಮೊದಲು ಏನೂ ಕಾಣುವುದಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ಒಂದೊಂದೇ ಕಂಬದ ನುಣುಪು ಹೊಳೆಯುತ್ತದೆ. ಅಲ್ಲಿ ಟ್ರೈಪಾಡ್ ಇಡಬೇಕೆಂದರೆ ಅನುಮತಿ ಪತ್ರ ಬೇಕು. ಕೈಯಲ್ಲೇ ಹಿಡಿದು ತೆಗೆಯಬೇಕು. ಎಫ್1.8ಕ್ಕೆ ಲೆನ್ಸ್ ತೆರೆದು, ಉಸಿರು ಬಿಗಿಹಿಡಿದು, ಸೆಕೆಂಡಿನ ಹದಿನೈದನೇ ಒಂದು ಭಾಗಕ್ಕೆ ಷಟರ್ ಬಿಟ್ಟರೆ ನರಸಿಂಹ ಕಂಬದ ಪುಟ್ಟ ಪುಟ್ಟ ಮೂರ್ತಿಗಳು ಒಂದೊಂದೂ ಬಿಡಿಬಿಡಿಯಾಗಿ ಬರುತ್ತವೆ. ಷಟರ್ ಇರುವುದು ಲೆನ್ಸಿನೊಳಗೆ, ಆದ್ದರಿಂದ ಸದ್ದು ಇಲ್ಲವೆಂದೇ ಹೇಳಬೇಕು. ಪಕ್ಕದಲ್ಲಿ ಕೈಮುಗಿದು ನಿಂತವರು ತಿರುಗಿಯೂ ನೋಡುವುದಿಲ್ಲ. ಕತ್ತಲು ಕತ್ತಲಾಗಿಯೇ ಉಳಿಯುತ್ತದೆ. ಅದೇ ಜಾಗದಲ್ಲಿ ಮೊಬೈಲ್ ಹಿಡಿಯಿರಿ. ಹತ್ತು ಚಿತ್ರ ತೆಗೆದು, ಒಂದರ ಮೇಲೊಂದು ಕೂರಿಸಿ, ನವರಂಗವನ್ನು ಮದುವೆ ಛತ್ರದ ಹಾಗೆ ಬೆಳಗಿಸಿ ಕೊಡುತ್ತದೆ. ಇಷ್ಟವಾಗುವವರಿಗೆ ಆಗಲಿ, ನನ್ನದೇನೂ ಅಭ್ಯಂತರವಿಲ್ಲ. (ಇದೆ. ಬಹಳ ಇದೆ.)

ಕೊರತೆಗಳೂ ಉಂಟು. ಬ್ಯಾಟರಿ ಮಧ್ಯಾಹ್ನದೊಳಗೆ ಏದುಸಿರು ಬಿಡುತ್ತದೆ. ಗುಂಡಿಗಳು ನನ್ನಂಥ ಕೃಷಿಕನ ಬೆರಳಿಗಲ್ಲ. ಕಣ್ಣಿಟ್ಟು ನೋಡುವ ಕಿಂಡಿ ಕೆಲವಕ್ಕೆ ಇದೆ, ಕೆಲವಕ್ಕೆ ಇಲ್ಲ. ಇಲ್ಲದವನ್ನು ಫೆಬ್ರವರಿಯ ಬಿಸಿಲಿನಲ್ಲಿ ಕಾಫಿ ಕಣದ ಮೇಲೆ ಹಿಡಿದರೆ ಪರದೆಯಲ್ಲಿ ಕಾಣುವುದು ನಮ್ಮದೇ ಮುಖ. ಜೂಮ್ ಎಳೆದಂತೆ ಲೆನ್ಸಿಗೆ ಬೆಳಕು ಕಡಿಮೆಯಾಗುತ್ತದೆ: ಆ ಮೊದಲ ಆರ್‌ಎಕ್ಸ್100ರಲ್ಲಿ ಎಫ್1.8 ಇದ್ದದ್ದು ತುದಿಗೆ ಹೋಗುವಾಗ ಎಫ್4.9, ಅಂದರೆ ಬೆಳಕು ಏಳರಲ್ಲಿ ಒಂದು ಪಾಲು. 2019ರ ಏಳನೆಯ ಆವೃತ್ತಿಯಲ್ಲಿ 200 ಮಿಲಿಮೀಟರಿನವರೆಗೆ ಜೂಮ್ ಕೊಟ್ಟರು, ಆದರೆ ಆರಂಭವೇ ಎಫ್2.8. ಕೊಟ್ಟದ್ದು ಒಂದು ಕೈ, ಕಿತ್ತುಕೊಂಡದ್ದು ಇನ್ನೊಂದು ಕೈ. ಹಕ್ಕಿಯ ಚಿತ್ರ ಹಿಡಿಯುವ ಮಿತ್ರರಂತೂ ಇದರ ತಂಟೆಗೆ ಬರಬೇಡಿ, ನಿಮ್ಮ ಮಂಗಟ್ಟೆ ಇದರಲ್ಲಿ ಚುಕ್ಕಿಯಾಗಿಯೇ ಉಳಿಯುತ್ತದೆ. ಇವನ್ನೆಲ್ಲ ನಾನು ಸಹಿಸುತ್ತೇನೆ. ಸಣ್ಣದಾಗಿರು ಎಂದು ಕೇಳಿದ ಮೇಲೆ ಇಷ್ಟು ತೆರಬೇಕಾದದ್ದೇ.

ಮಳೆಯದ್ದು ಮಾತ್ರ ಸಹಿಸುವುದಿಲ್ಲ.

ಪಟ್ಟಿ ನೋಡಿ. ಆರ್‌ಎಕ್ಸ್100ರ ಏಳನೆಯದಕ್ಕೆ ನೀರಿನಿಂದ ರಕ್ಷಣೆ ಇಲ್ಲ. ಜಿ7 ಎಕ್ಸ್‌ನ ಮೂರನೆಯದಕ್ಕೆ ಇಲ್ಲ. ಜಿಆರ್‌ನ ಮೂರನೆಯದಕ್ಕೂ ಇಲ್ಲ. ಫ್ಯೂಜಿಯ ಎಕ್ಸ್100ವಿ 2020ರಲ್ಲಿ ಬಂದಾಗ ಹವಾಮಾನ ತಡೆಯುತ್ತದೆ ಎಂದು ಸಾರಿದರು. ಸಂತೋಷ! ಕೆಳಗೆ ಸಣ್ಣ ಅಕ್ಷರದಲ್ಲಿ ಏನಿತ್ತು ಗೊತ್ತೇ? ಪ್ರತ್ಯೇಕವಾಗಿ ಮಾರುವ ಒಂದು ಅಡಾಪ್ಟರ್ ಬಳೆ, ಅದರ ಮೇಲೊಂದು ಫಿಲ್ಟರ್ ಹಾಕಿಕೊಂಡರೆ ಮಾತ್ರ. ಜೇಬಿಗೆ ಹಿಡಿಯುತ್ತದೆ ಎಂದು ಕೊಂಡವನು ಬಳೆ ಹಾಕಿ ಉಬ್ಬಿಸಿಕೊಳ್ಳಬೇಕು, ಅದಕ್ಕೂ ದುಡ್ಡು ತೆರಬೇಕು. 2024ರ ಎಕ್ಸ್100-6 ಬಂದಾಗಲೂ ಅದೇ ಬಳೆ, ಅದೇ ಫಿಲ್ಟರ್, ಅದಕ್ಕೂ ಜನ ತಿಂಗಳುಗಟ್ಟಲೆ ಕಾದು ನಿಂತರು.

ಇತ್ತ ಮೊಬೈಲ್ ನೋಡಿ. 2016ರಲ್ಲೇ ಸ್ಯಾಮ್‌ಸಂಗ್ ಎಸ್7 ಐಪಿ68 ಎಂಬ ಮಟ್ಟದ ನೀರಿನ ರಕ್ಷಣೆ ಪಡೆದು ಬಂತು. ಅದೇ ವರ್ಷ ಐಫೋನ್ 7 ಐಪಿ67. ಮಾತನಾಡುವ ಕಿಂಡಿ, ಕೇಳುವ ಕಿಂಡಿ, ಚಾರ್ಜ್ ಮಾಡುವ ತೂತು, ಇಷ್ಟೆಲ್ಲ ಇರುವ ವಸ್ತುವನ್ನು ನೀರಿಗೆ ಹೆದರದ ಹಾಗೆ ಮಾಡಲು ಅವರಿಗೆ ಸಾಧ್ಯವಾಯಿತು. ಚಿತ್ರ ತೆಗೆಯುವುದೊಂದೇ ಕೆಲಸವಾಗಿರುವ ವಸ್ತು ಮಾತ್ರ ತುಂತುರು ಕಂಡರೆ ಒಳಗೋಡಬೇಕು.

ಇದಕ್ಕೊಂದು ವಾದವಿದೆ, ನನಗೂ ಗೊತ್ತು. ಮೊಬೈಲಿನ ಲೆನ್ಸ್ ಗಾಜಿನ ಹಿಂದೆ ಅಲ್ಲಾಡದೆ ಕುಳಿತಿರುತ್ತದೆ. ಇದರ ಲೆನ್ಸ್ ಹಾಗಲ್ಲ, ಗುಂಡಿ ಒತ್ತಿದರೆ ಕೊಳವೆಯೊಳಗಿಂದ ಕೊಳವೆ ಹೊರಬರುತ್ತದೆ. ಪ್ರತಿ ಸಲ ಹೊರಬರುವಾಗ ಗಾಳಿಯನ್ನು ಒಳಗೆಳೆಯುತ್ತದೆ, ಒಳಹೋಗುವಾಗ ಹೊರಗೂದುತ್ತದೆ. ಕೊಳವೆಗಳ ಸಂದಿಗೆ ರಬ್ಬರ್ ಬಳೆ ಹಾಕಿದರೆ ಗಾತ್ರ ಹೆಚ್ಚುತ್ತದೆ, ಸಣ್ಣ ಮೋಟಾರಿಗೆ ಭಾರವಾಗುತ್ತದೆ, ಬೆಲೆ ಏರುತ್ತದೆ. ಕೇಳಲು ಚೆನ್ನಾಗಿದೆ. ಹಾಗಾದರೆ 2017ರಲ್ಲಿ ಕ್ಯಾನನ್ ಜಿ1 ಎಕ್ಸ್‌ನ ಮೂರನೆಯದನ್ನು ಹೇಗೆ ಮಾಡಿತು? ಅದರಲ್ಲೂ ಹೊರಚಾಚುವ ಜೂಮ್ ಇದೆ, ಒಳಗೆ ದೊಡ್ಡ ಎಪಿಎಸ್-ಸಿ ಸೆನ್ಸರ್ ಇದೆ, ಧೂಳು ಮತ್ತು ಹನಿ ತಡೆಯುವ ವ್ಯವಸ್ಥೆಯೂ ಇದೆ. ತುದಿಯಲ್ಲಿ ಎಫ್5.6 ಎಂಬುದು ನಿಜ, ನವರಂಗದಲ್ಲಿ ಅದು ಕುರುಡು. ಆದರೆ ಒಮ್ಮೆ ಮಾಡಿದ್ದನ್ನು ಮತ್ತೆ ಮಾಡಲಾಗದು ಎಂದರೆ ನಂಬುವುದಾದರೂ ಹೇಗೆ? ಇನ್ನೊಂದು ತಮಾಷೆ. ಈ ಕಂಪನಿಗಳೆಲ್ಲ ಜಪಾನಿನವು. ಅಲ್ಲಿ ಜೂನ್-ಜುಲೈ ತಿಂಗಳಲ್ಲಿ ‘ತ್ಸುಯು’ ಎಂಬ ಮಳೆಗಾಲವೇ ಇದೆ. ಮಳೆ ಕಾಣದ ಮರಳುಗಾಡಿನವರು ಮಾಡಿದ್ದರೆ ಹೋಗಲಿ ಪಾಪ ಎನ್ನಬಹುದಿತ್ತು.

‘ಮಳೆಯಲ್ಲಿ ಯಾರು ಫೋಟೋ ತೆಗೆಯುತ್ತಾರೆ?’ ಎಂದು ಕೇಳುವವರೂ ಇದ್ದಾರೆ. ಸ್ವಾಮಿ, ನಮ್ಮೂರಿನಲ್ಲಿ ಮಳೆ ಬಿಟ್ಟು ಇನ್ನೇನು ತೆಗೆಯುವುದು? ಕಾಫಿ ಹೂ ಅರಳಿ ಬಾಡುವುದು ಕೆಲವೇ ದಿನದಲ್ಲಿ. ಅದೂ ಹೂಮಳೆ ಬಂದರೆ. ಬೇಸಿಗೆಯಲ್ಲಿ ಗುಡ್ಡಗಳು ಧೂಳಿನ ಬಣ್ಣಕ್ಕೆ ತಿರುಗುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲವೇ ಈ ನಾಡು ತನ್ನ ನಿಜವಾದ ಮುಖ ತೋರಿಸುವುದು? ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊರಬಂದರೆ ಎದುರಿನ ಅಂಗಡಿ ಕಾಣುವುದಿಲ್ಲ, ಚಾರ್ಮಾಡಿಯಲ್ಲಿ ರಸ್ತೆಯ ಪಕ್ಕದ ಬಂಡೆಗಳೆಲ್ಲ ಜಲಪಾತವಾಗುತ್ತವೆ, ಅತ್ತ ಹಾಸನದ ಕಡೆ ಶೆಟ್ಟಿಹಳ್ಳಿಯ ಹಳೆಯ ಚರ್ಚು ಹೇಮಾವತಿಯ ಹಿನ್ನೀರಿನಲ್ಲಿ ಸೊಂಟದವರೆಗೆ ಮುಳುಗುತ್ತದೆ. ಆಗ ಕ್ಯಾಮೆರಾ ಡಬ್ಬಿಯಲ್ಲಿ!

ಮಳೆಗೆ ಒಡ್ಡದೆ ಇಟ್ಟರೂ ಬಚಾವಾಗುತ್ತದೆಯೇ? ಇಲ್ಲ. ಹೋದ ಮಳೆಗಾಲದಲ್ಲಿ ನನ್ನದರ ಲೆನ್ಸ್ ಅರ್ಧ ಹೊರಬಂದು ಅಲ್ಲೇ ನಿಂತಿತು. ಮಳೆಯ ಒಂದು ಹನಿ ಬಿದ್ದಿರಲಿಲ್ಲ, ತೇವ ಸಾಕಾಯಿತು. ಬೆಂಗಳೂರಿನ ಸರ್ವಿಸ್ ಸೆಂಟರಿಗೆ ಹೋದರೆ ಕೌಂಟರಿನ ಹುಡುಗ ಬಹಳ ವಿನಯದಿಂದ, ‘ಸರ್, ತೇವದ ಜಾಗದಲ್ಲಿ ಬಳಸಿದ್ದೀರಾ?’ ಎಂದು ಕೇಳಿದ. ಬಳಸಲಿಲ್ಲಪ್ಪ, ಅಲ್ಲಿ ವಾಸ ಮಾಡುತ್ತೇನೆ ಎಂದೆ. ತೇವಕ್ಕೆ ವಾರಂಟಿ ಇಲ್ಲವಂತೆ. ಲೆನ್ಸ್ ಒಂದನ್ನೇ ಬಿಚ್ಚಿ ಒರೆಸಲು ಆಗುವುದಿಲ್ಲ, ಇಡೀ ಲೆನ್ಸ್ ಘಟಕವನ್ನೇ ಬದಲಿಸಬೇಕಂತೆ. ಅದರ ಬೆಲೆ ಕೇಳಿ ನಾನು ನೀರು ಕೇಳಿದೆ. ಕೊಟ್ಟರು, ಅದಕ್ಕೆ ಮಾತ್ರ ದುಡ್ಡು ತೆಗೆದುಕೊಳ್ಳಲಿಲ್ಲ.

ಲೆನ್ಸ್ ಬದಲಿಸುವ ದೊಡ್ಡ ಕ್ಯಾಮೆರಾಗಳಲ್ಲಿ ಈ ಫಜೀತಿ ಇಷ್ಟಿಲ್ಲ. ಬೂಷ್ಟು ಹಿಡಿದರೆ ಆ ಲೆನ್ಸನ್ನು ಮಾತ್ರ ಕಳಚಿ ರಿಪೇರಿಗೆ ಕೊಡಬಹುದು, ಸೆನ್ಸರಿಗೆ ಧೂಳು ಕುಳಿತರೆ ಊದಿ ತೆಗೆಯಬಹುದು. ಕಾಂಪ್ಯಾಕ್ಟಿನಲ್ಲಿ ಎಲ್ಲ ಒಂದೇ ಗಂಟು. ಒಳಗೆ ಎಳೆದುಕೊಂಡ ಧೂಳು ಸೆನ್ಸರಿನ ಮೇಲೆ ಕುಳಿತರೆ ಪ್ರತಿ ಚಿತ್ರದ ಆಕಾಶದಲ್ಲೂ ಅದೇ ಜಾಗದಲ್ಲಿ ಅದೇ ಮಸಿಚುಕ್ಕಿ. ಇನ್ನು ಬೂಷ್ಟು. ಗಾಳಿಯ ತೇವ ನೂರಕ್ಕೆ ಅರವತ್ತೈದರ ಮೇಲೆ ಹೋದರೆ ಗಾಜಿನ ಮೇಲೆ ಬೂಷ್ಟು ಬಲೆ ನೇಯಲು ಹೊರಡುತ್ತದೆ ಎನ್ನುತ್ತಾರೆ. ನಮ್ಮಲ್ಲಿ ಅದು ಅರವತ್ತೈದಕ್ಕೆ ಇಳಿದರೆ ಹಪ್ಪಳ ಒಣಗಿಸಲು ಹೆಂಗಸರು ಓಡುತ್ತಾರೆ. ನೀಲಿ ಸಿಲಿಕಾ ಜೆಲ್ ಎರಡು ದಿನಕ್ಕೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಾಣಲೆಗೆ ಹಾಕಿ ಹುರಿದು ಮತ್ತೆ ನೀಲಿ ಮಾಡುವುದು ನನ್ನ ಮಳೆಗಾಲದ ಉದ್ಯೋಗ. ಮನೆಯವಳು ಆ ಬಾಣಲೆಯನ್ನು ಅಡುಗೆಮನೆಯಿಂದ ಗಡೀಪಾರು ಮಾಡಿದ್ದಾಳೆ.

ಇಷ್ಟೆಲ್ಲ ಬೈದೂ ಯಾಕೆ ಇಟ್ಟುಕೊಂಡಿದ್ದೀರಿ ಎಂದು ಕೇಳಬಹುದು. ಹೇಳಿಬಿಡುತ್ತೇನೆ. ಲೆನ್ಸಿನ ಸುತ್ತಲಿನ ಆ ಬಳೆ ತಿರುಗಿಸುವಾಗ ಬೆರಳಿಗೆ ಸಿಗುವ ಸಣ್ಣ ತಡೆ ಇದೆಯಲ್ಲ, ಅದು ನನಗೆ ಬೇಕು. ಚಿತ್ರ ತೆಗೆಯದೆ ಸುಮ್ಮನೆ ಜಗಲಿಯಲ್ಲಿ ಕುಳಿತು ಅದನ್ನು ತಿರುಗಿಸುತ್ತಿರುತ್ತೇನೆ. ಅಪ್ಪ ನಶ್ಯದ ಡಬ್ಬಿಯ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು, ನಶ್ಯ ಬಿಟ್ಟ ಮೇಲೂ.

ಅಳಿಯ ತೆಗೆದ ಗೊರಬಿನ ಚಿತ್ರವನ್ನು ರಾತ್ರಿ ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿ ನೋಡಿದೆ. ಮೊಬೈಲಿನ ಪರದೆಯಲ್ಲಿ ಚೆಂದವಿತ್ತು. ದೊಡ್ಡದು ಮಾಡಿದರೆ ಹೆಣಿಗೆಯೇ ಇಲ್ಲ! ಬಿದಿರಿನ ಸೀಳು ಯಾವುದು, ಎಲೆ ಯಾವುದು, ನೀರು ಯಾವುದು ಎಂದು ತಿಳಿಯದಂತೆ ಕಂದು ಬಣ್ಣ ಬಳಿದಿದೆ. ದೂರದಿಂದ ಜೂಮ್ ಎಳೆದು ತೆಗೆದಿದ್ದಾನೆ, ಮಳೆಯ ಗೆರೆಗಳನ್ನು ಮೊಬೈಲ್ ಕೊಳೆ ಎಂದು ತಿಳಿದು ಒರೆಸಿ ಹಾಕಿದೆ. ಮೊಬೈಲಿನ ಸೆನ್ಸರ್ ಸಣ್ಣದು ಎಂದು ಇನ್ನು ಹೀಯಾಳಿಸುವಂತಿಲ್ಲ, 2022ರಲ್ಲೇ ಶವೋಮಿ ಆರ್‌ಎಕ್ಸ್100ರಲ್ಲಿದ್ದಂಥ ಒಂದು ಇಂಚಿನ ವರ್ಗದ ಸೆನ್ಸರನ್ನು ಮೊಬೈಲಿಗೆ ಕೂರಿಸಿದೆ. ಆದರೆ ತನಗೆ ಕಂಡದ್ದನ್ನು ಕಂಡ ಹಾಗೆ ಬಿಡುವ ಬುದ್ಧಿ ಅದಕ್ಕಿನ್ನೂ ಬಂದಿಲ್ಲ. ಹೊರಗೆ ಬರಬಲ್ಲದ್ದಕ್ಕೆ ನೋಡಲು ಬಾರದು, ನೋಡಲು ಬರುವುದಕ್ಕೆ ಹೊರಗೆ ಬರಲಾಗದು. ನನ್ನ ಹೊಟ್ಟೆ ಉರಿಯುವುದು ಇದಕ್ಕೇ.

ಹಾಸನದಿಂದ ಒಬ್ಬ ಗೆಳೆಯರು ಮಗಳಿಗೆ ಇಂಥದ್ದೊಂದು ಕ್ಯಾಮೆರಾ ಕೊಡಿಸಲೇ ಎಂದು ಕೇಳಿದ್ದರು. ಹುಡುಗಿ ಹೊಯ್ಸಳ ಶಿಲ್ಪದ ಮೇಲೆ ಅಧ್ಯಯನ ಮಾಡುತ್ತಿದ್ದಾಳೆ, ಬೇಲೂರು ಹಳೇಬೀಡಿಗೆ ಓಡಾಡುತ್ತಾಳೆ. ಕೊಡಿಸಿ ಎಂದೆ, ಎಫ್1.8ರಿಂದ ಆರಂಭವಾಗುವುದನ್ನೇ ನೋಡಿ, ಹಳೆಯ ಆವೃತ್ತಿಯಾದರೂ ಚಿಂತೆಯಿಲ್ಲ. ಹಾಸನ ಪೇಟೆಯಲ್ಲಿ ಅದು ಬಾಳುತ್ತದೆ. ಸಕಲೇಶಪುರ ದಾಟಿಸಬೇಡಿ ಎಂದೂ ಹೇಳಿದೆ. ಅವರು ನಕ್ಕರು, ನಾನು ತಮಾಷೆ ಮಾಡಿರಲಿಲ್ಲ.

ಪ್ಲಾಸ್ಟಿಕ್ ಕವರಿಗೆ ತೂತು ಮಾಡಿ ಹಾಕಿ, ಅಕ್ಕಿ ಡಬ್ಬಿಯಲ್ಲಿಡಿ, ಯಾರಾದರೂ ಕೊಡೆ ಹಿಡಿಯಲಿ ಎಂಬ ಸಲಹೆಗಳು ದಯವಿಟ್ಟು ಬೇಡ, ಎಲ್ಲ ಆಗಿದೆ. ಕೊಡೆ ಹಿಡಿಯಲು ಬಂದವನೂ ಈಗ ಮೊಬೈಲಿನಲ್ಲೇ ತೆಗೆಯುತ್ತಾನೆ. ಚಿಕ್ಕಮಗಳೂರಿನಲ್ಲೋ ಹಾಸನದಲ್ಲೋ ಈ ಪುಟ್ಟ ಲೆನ್ಸುಗಳನ್ನು ಬಿಚ್ಚಿ ಒರೆಸಿ ಮತ್ತೆ ಕೂರಿಸುವ ಕೈಪಳಗಿದವರು ಯಾರಾದರೂ ಗೊತ್ತಿದ್ದರೆ ಮಾತ್ರ ತಿಳಿಸಿ. ಆಶ್ಲೇಷ ಮಳೆ ಇನ್ನೂ ಬಾಕಿ ಇದೆ, ಲೆನ್ಸ್ ಹೊರಬರುವಾಗ ನಿನ್ನೆ ರಾತ್ರಿ ಮತ್ತೆ ಸಣ್ಣಗೆ ಕಿರುಗುಟ್ಟಿತು.