ಚಾಮಯ್ಯ ಮೇಷ್ಟ್ರ ದನಿಯನ್ನು ಕಿವಿಯಿಂದ ಇಳಿಸುವುದು ಹೇಗೆ?

‘ನಾಗರಹಾವು’ ಅಂದ ಕೂಡಲೇ ನಿಮ್ಮ ಕಿವಿಯಲ್ಲಿ ಯಾರ ದನಿ ಏಳುತ್ತದೆ? ಬರೆದ ತ.ರಾ.ಸು. ಅವರದಂತೂ ಇರಲಾರದು. ಒಂದೋ ಚಾಮಯ್ಯ ಮೇಷ್ಟ್ರಾದ ಕೆ.ಎಸ್. ಅಶ್ವತ್ಥ್, ಇಲ್ಲವೇ ರಾಮಾಚಾರಿಯಾದ ವಿಷ್ಣುವರ್ಧನ್. ಪುಟ್ಟಣ್ಣ ಕಣಗಾಲರ ಸಿನಿಮಾ ಬಂದದ್ದು 1972ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಚಾಮಯ್ಯ ಮೇಷ್ಟ್ರಿಗೆ ಬೇರೆ ದನಿಯೇ ಇಲ್ಲ. ಸಿನಿಮಾ ಆದ ಕಾದಂಬರಿಯನ್ನು ಆಡಿಯೊಬುಕ್ ಮಾಡಲು ಹೊರಟವರು ಮೊದಲು ಎಡವುವುದು ಇಲ್ಲೇ. ಕೇಳುವವರು ಖಾಲಿ ಕಿವಿಯಲ್ಲಿ ಬಂದಿರುವುದಿಲ್ಲ.

ಇದಕ್ಕೆ ಸುಲಭವಾಗಿ ಕಾಣುವ ದಾರಿ ಅನುಕರಣೆ. ಓದುವವರು ಅಶ್ವತ್ಥರ ಹಾಗೆ ಗಂಟಲು ನಡುಗಿಸುತ್ತಾರೆ, ರಾಮಾಚಾರಿಯ ಮಾತು ಬಂದಾಗ ಹಲ್ಲು ಕಚ್ಚುತ್ತಾರೆ. ಹತ್ತು ನಿಮಿಷ ಮಜವಾಗಿರುತ್ತದೆ, ಆಮೇಲೆ ಮಿಮಿಕ್ರಿ ಕಾರ್ಯಕ್ರಮವಾಗುತ್ತದೆ. ಕಾದಂಬರಿಯಲ್ಲಿ ಸಂಭಾಷಣೆಗಿಂತ ನಿರೂಪಣೆಯೇ ಹೆಚ್ಚು, ನಿರೂಪಣೆಗೆ ಅನುಕರಿಸಲು ಯಾವ ನಟನೂ ಸಿಗುವುದಿಲ್ಲ. ಹಾಗಾಗಿ ಮಾತು ಬಂದಾಗ ಸಿನಿಮಾ, ವಿವರಣೆ ಬಂದಾಗ ವಾರ್ತಾ ವಾಚನ ಅನ್ನುವ ಸ್ಥಿತಿ. ನಮ್ಮ ವಾದ ಇಷ್ಟೇ: ಸಿನಿಮಾ ಆಗಿರುವ ಕಾದಂಬರಿಯನ್ನು ಬೇರೆಲ್ಲ ಕಾದಂಬರಿಗಿಂತ ಸಪ್ಪೆಯಾಗಿ ಓದಬೇಕು, ಮತ್ತು ಒಂದು ಸಾಲೂ ಬಿಡದೆ ಓದಬೇಕು. ಹಳೆಯ ದನಿ ತಾನಾಗಿ ಇಳಿಯುತ್ತದೆ. ಅದಕ್ಕೆ ಸುಮಾರು ಅರ್ಧ ಗಂಟೆ ಬೇಕು, ಅಷ್ಟು ತಾಳ್ಮೆ ಓದುವವರಿಗಿರಬೇಕು.

‘ನಾಗರಹಾವು’ ವಿಷಯದಲ್ಲಿ ಇನ್ನೊಂದು ಗೊಂದಲವಿದೆ. ಆ ಸಿನಿಮಾ ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ಮಾಡಿದ್ದು. ಮೊದಲನೆಯದನ್ನಷ್ಟೇ ಕೇಳಿದವರು ‘ಅರ್ಧ ಕಥೆ ಎಲ್ಲಿ?’ ಎಂದು ಒಂದು ನಕ್ಷತ್ರ ಕೊಟ್ಟು ಹೋಗುತ್ತಾರೆ. ಆಪ್‌ನ ಪುಸ್ತಕ ವಿವರದಲ್ಲಿ ‘ಮೂರರಲ್ಲಿ ಮೊದಲನೆಯದು’ ಎಂದು ಒಂದು ಸಾಲು ಹಾಕಿದರೆ ಮುಗಿಯಿತು.

ಇನ್ನು ಅವಧಿ. ಕನ್ನಡದ ಪದಗಳು ಉದ್ದ, ಇಂಗ್ಲಿಷಿನಲ್ಲಿ ಮೂರು ಪದ ಆಗುವುದು ಇಲ್ಲಿ ಒಂದೇ ಪದದಲ್ಲಿ ಮುಗಿಯುತ್ತದೆ. ಹಾಗಾಗಿ ಇಂಗ್ಲಿಷ್ ಆಡಿಯೊಬುಕ್ಕಿನ ‘ನಿಮಿಷಕ್ಕೆ 150 ಪದ’ ಲೆಕ್ಕ ನಮಗೆ ಹೊಂದುವುದಿಲ್ಲ. ನಿಮಿಷಕ್ಕೆ ನೂರರ ಆಸುಪಾಸು ಇಟ್ಟುಕೊಳ್ಳಿ. ಪುಟಕ್ಕೆ 250 ಪದದಂತೆ 150 ಪುಟದ ಕಾದಂಬರಿ ಎಂದರೆ 37,500 ಪದ, ಆರೂಕಾಲು ಗಂಟೆ. ಅದೇ ಕಥೆಯ ಸಿನಿಮಾ ಎರಡು ಗಂಟೆ. ಈ ಅಂತರ ಕಂಡು ಹೆದರಿ ಆಡಿಯೊವನ್ನೂ ಮೂರು ಗಂಟೆಗೆ ಕತ್ತರಿಸುವವರಿದ್ದಾರೆ. ಕತ್ತರಿಸುವಾಗ ಏನು ಉಳಿಯುತ್ತದೆ ಗೊತ್ತೇ? ಸಿನಿಮಾದಲ್ಲಿ ಇದ್ದದ್ದೇ ಉಳಿಯುತ್ತದೆ, ಏಕೆಂದರೆ ಕತ್ತರಿ ಹಿಡಿದವರ ತಲೆಯಲ್ಲೂ ಅದೇ ಸಿನಿಮಾ ಓಡುತ್ತಿರುತ್ತದೆ. ಕೊಳ್ಳುವ ಮೊದಲು ಪುಟಸಂಖ್ಯೆಯನ್ನು ಎರಡೂವರೆಯಿಂದ ಗುಣಿಸಿ ನೋಡಿ. ಬಂದ ನಿಮಿಷಗಳಿಗಿಂತ ಅವಧಿ ಬಹಳ ಕಡಿಮೆ ಇದ್ದರೆ ಅದು ಸಂಕ್ಷಿಪ್ತ, ಹಾಗೆಂದು ಬರೆದಿರಲಿ ಬಿಡಲಿ.

ಒಂದು ಕಾದಂಬರಿಯನ್ನು ಹತ್ತಿರದಿಂದ ನೋಡೋಣ. ಅನಂತಮೂರ್ತಿಯವರ ‘ಸಂಸ್ಕಾರ’, 1965ರದು. ಪಟ್ಟಾಭಿರಾಮ ರೆಡ್ಡಿ 1970ರಲ್ಲಿ ಸಿನಿಮಾ ಮಾಡಿದರು. ಚಿತ್ರಕಥೆಯೂ ಪ್ರಾಣೇಶಾಚಾರ್ಯರ ಪಾತ್ರವೂ ಗಿರೀಶ ಕಾರ್ನಾಡರದು, ನಾರಣಪ್ಪನಾಗಿ ಪಿ. ಲಂಕೇಶ್. ರಾಷ್ಟ್ರಮಟ್ಟದ ಸ್ವರ್ಣಕಮಲ ಪಡೆದ ಮೊದಲ ಕನ್ನಡ ಚಿತ್ರ ಅದು. ಓದುವವರಿಗೆ ಈ ಕಾದಂಬರಿ ಎರಡು ಬಗೆಯ ಕಷ್ಟ ಕೊಡುತ್ತದೆ.

ಮೊದಲ ಭಾಗದ ಕಷ್ಟ ಗುಂಪು. ಸತ್ತ ನಾರಣಪ್ಪನ ಸಂಸ್ಕಾರಕ್ಕೆಂದು ಅವನ ಜೊತೆಗಿದ್ದ ಚಂದ್ರಿ ತನ್ನ ಚಿನ್ನ ತೆಗೆದಿಟ್ಟ ಮೇಲೆ ಗರುಡಾಚಾರ್ಯ, ಲಕ್ಷ್ಮಣಾಚಾರ್ಯ, ದುರ್ಗಾಭಟ್ಟ, ದಾಸಾಚಾರ್ಯ ಎಲ್ಲರೂ ಒಬ್ಬರ ಹಿಂದೊಬ್ಬರು ಮಾತಾಡುತ್ತಾರೆ. ತೆರೆಯ ಮೇಲಾದರೆ ಮುಖ ಕಾಣುತ್ತದೆ. ಕಿವಿಗೆ ನಾಲ್ವರೂ ಒಂದೇ. ಇಲ್ಲಿ ದನಿಯ ಎತ್ತರ ಬದಲಿಸಲು ಹೋದವರು ಕೆಡುತ್ತಾರೆ, ಮೂರನೆಯ ಬ್ರಾಹ್ಮಣನ ಹೊತ್ತಿಗೆ ಎತ್ತರವೆಲ್ಲ ಖರ್ಚಾಗಿರುತ್ತದೆ. ಬದಲಿಸಬೇಕಾದ್ದು ವೇಗ ಮತ್ತು ಉಸಿರು. ಒಬ್ಬ ಮಾತನ್ನು ನುಂಗುತ್ತಾನೆ, ಒಬ್ಬ ಕೊನೆಯ ಅಕ್ಷರ ಎಳೆಯುತ್ತಾನೆ, ಒಬ್ಬ ಮಾತಿಗೆ ಮುಂಚೆ ಉಸಿರು ಬಿಡುತ್ತಾನೆ. ರೆಕಾರ್ಡಿಂಗಿಗೆ ಮೊದಲು ಒಂದು ಪಟ್ಟಿ ಮಾಡಿಕೊಳ್ಳಿ: ಪಾತ್ರದ ಹೆಸರು, ಮೊದಲು ಮಾತಾಡುವ ಪುಟ, ವೇಗ, ಒಂದು ಗುರುತು. ಪ್ರತಿಯೊಬ್ಬರ ದನಿಯನ್ನೂ ಇಪ್ಪತ್ತು ಸೆಕೆಂಡ್ ರೆಕಾರ್ಡ್ ಮಾಡಿ ಬೇರೆ ಫೈಲಿನಲ್ಲಿ ಇಡಿ. ದಿನವೂ ಕೆಲಸ ಶುರು ಮಾಡುವ ಮುಂಚೆ ಅದನ್ನು ಕೇಳಿ. ಕೇಳದಿದ್ದರೆ ಎಂಟನೆಯ ದಿನಕ್ಕೆ ಗರುಡಾಚಾರ್ಯ ಹೋಗಿ ದಾಸಾಚಾರ್ಯ ಆಗಿರುತ್ತಾನೆ.

ಗಂಡಸರು ಚಂದ್ರಿಯ ಮಾತನ್ನು ತೆಳು ದನಿಯಲ್ಲಿ ಓದುವುದು ಬೇಡವೇ ಬೇಡ. ಕಂಪನಿ ನಾಟಕದ ಸ್ತ್ರೀಪಾತ್ರವಾಗುತ್ತದೆ. ದನಿಯನ್ನು ತುಸು ಮೆತ್ತಗೆ ಮಾಡಿ ಗತಿ ಇಳಿಸಿದರೆ ಸಾಕು, ಉಳಿದದ್ದನ್ನು ಕೇಳುವವರು ಜೋಡಿಸಿಕೊಳ್ಳುತ್ತಾರೆ.

ಕೊನೆಯ ಭಾಗದ ಕಷ್ಟ ಒಂಟಿತನ. ಆಚಾರ್ಯರು ದಾರಿ ಹಿಡಿದು ಹೊರಡುತ್ತಾರೆ, ಮಾಲೇರ ಪುಟ್ಟ ಗಂಟುಬೀಳುತ್ತಾನೆ. ಪುಟ್ಟನ ಬಾಯಿ ಸುಮ್ಮನಿರುವುದಿಲ್ಲ, ಆಚಾರ್ಯರ ತಲೆ ಸುಮ್ಮನಿರುವುದಿಲ್ಲ. ನಿರೂಪಣೆ ‘ಅವರು’ ಎನ್ನುತ್ತಿದ್ದದ್ದು ಸದ್ದಿಲ್ಲದೆ ‘ನಾನು’ ಆಗುತ್ತದೆ. ಸಿನಿಮಾ ನೋಡಿ ಬೆಳೆದ ಸೌಂಡ್ ಎಂಜಿನಿಯರಿಗೆ ಇಲ್ಲಿ ಕೈ ಕಡಿಯುತ್ತದೆ, ಮನಸ್ಸಿನ ಮಾತು ಬಂತೆಂದರೆ ಎಕೊ ಹಾಕಿಬಿಡುತ್ತಾನೆ. ಎಕೊ ಹಾಕಿದರೆ ಯಾವುದು ಹೊರಗಿನ ಮಾತು, ಯಾವುದು ಒಳಗಿನದು ಎಂದು ಗೆರೆ ಎಳೆದಂತೆ. ಈ ಭಾಗದ ಹೊಯ್ದಾಟ ಇರುವುದೇ ಆ ಗೆರೆ ಇಲ್ಲದಿರುವುದರಲ್ಲಿ. ಓದುವವರೂ ‘ಆಪ್ತವಾಗಿರಲಿ’ ಎಂದು ಮೈಕಿಗೆ ಬಾಯಿ ಹತ್ತಿರ ತರುತ್ತಾರೆ. ಕಾರ್ಡಿಯಾಯ್ಡ್ ಮೈಕಿಗೆ (ಎದುರಿನ ದನಿಯನ್ನೇ ಹೆಚ್ಚು ಹಿಡಿಯುವಂಥದ್ದು) ಹತ್ತಿರ ಹೋದಷ್ಟೂ ಕೆಳಸ್ವರ ಉಬ್ಬುತ್ತದೆ, ದನಿ ಮಡಕೆಯೊಳಗಿಂದ ಬಂದ ಹಾಗಾಗುತ್ತದೆ, ಮುಂದಿನ ಸಾಲಿಗೆ ಮಟ್ಟ ಜಿಗಿಯುತ್ತದೆ. ಬಾಯಿಗೂ ಮೈಕಿಗೂ ಒಂದು ಗೇಣು ದೂರ, ಕೊನೆಯವರೆಗೂ ಅಷ್ಟೇ. ಪುಟ್ಟನಿಗೆ ವೇಗ, ಆಚಾರ್ಯರಿಗೆ ನಿಧಾನ. ಅವೆರಡರ ತಿಕ್ಕಾಟವೇ ಸಾಕು.

ಕನ್ನಡಕ್ಕೇ ಅಂಟಿದ ತೊಡಕುಗಳು ಬೇರೆ. ‘ಬಂದ’ ಎಂಬ ಪದ ಸಾಲಿನ ಕೊನೆಗೆ ಸಿಕ್ಕಿತು ಅನ್ನಿ. ವಾಕ್ಯ ಅಲ್ಲಿಗೇ ಮುಗಿಯಿತೋ, ಮುಂದಿನ ಸಾಲಿನಲ್ಲಿ ‘ದಾರಿ’ ಎಂದು ಶುರುವಾಗಿ ‘ಬಂದ ದಾರಿ’ ಆಗುತ್ತದೋ? ಕಣ್ಣು ನಾಲಗೆಗಿಂತ ಮೂರು ಪದ ಮುಂದಿರದಿದ್ದರೆ ದನಿ ಇಳಿದುಬಿಡುತ್ತದೆ, ಮತ್ತೆ ಎತ್ತಲು ಬರುವುದಿಲ್ಲ. ಯಂತ್ರದ ದನಿಗಳು ಈಗಲೂ ಮುಗ್ಗರಿಸುವುದು ಇಂಥ ಕಡೆಯೇ. ಭ, ಫ, ಧದಂಥ ಮಹಾಪ್ರಾಣಗಳ ಗಾಳಿ ಮೈಕಿಗೆ ಗುದ್ದುತ್ತದೆ, ಪಾಪ್ ಫಿಲ್ಟರ್ ಹಾಕಿ ಮೈಕನ್ನು ಬಾಯಿಯ ನೇರದಿಂದ ಸ್ವಲ್ಪ ಪಕ್ಕಕ್ಕೆ ತಿರುಗಿಸಿ. ಹಾಗೆಂದು ‘ಭಾರ’ವನ್ನು ‘ಬಾರ’ ಮಾಡಬೇಡಿ. ಲ–ಳ, ನ–ಣ ಕಲಸಿದರೆ ಅರ್ಥವೇ ಬೇರೆ: ಕಲೆ, ಕಳೆ.

ಆಡುನುಡಿಯ ಕಾದಂಬರಿಗಳಲ್ಲಿ ಆಯ್ಕೆ ಇನ್ನೂ ಬಿಗಿ. ಕೃಷ್ಣ ಆಲನಹಳ್ಳಿಯವರ ‘ಪರಸಂಗದ ಗೆಂಡೆತಿಮ್ಮ’ವನ್ನು ಮೈಸೂರು ಸೀಮೆಯ ಹಳ್ಳಿಯ ಮಾತು ಬಾಯಲ್ಲಿ ಇರುವವರೇ ಓದಬೇಕು. 1978ರ ಸಿನಿಮಾದಲ್ಲಿ ಲೋಕೇಶ್ ಅದನ್ನು ಎಷ್ಟು ಚೆನ್ನಾಗಿ ಆಡಿದರೆಂದರೆ, ಕಲಿತು ಓದಿದ ಆಡುನುಡಿ ಮೊದಲ ನಿಮಿಷಕ್ಕೇ ಸಿಕ್ಕಿಬೀಳುತ್ತದೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಇದಕ್ಕೆ ವ್ಯತಿರಿಕ್ತ. ಪ್ರೇಮಾ ಕಾರಂತರ ಸಿನಿಮಾ ಬಂದದ್ದು 1983ರಲ್ಲಿ. ಮೂಲ ಕಾದಂಬರಿಯ ಧಾಟಿಯೇ ಮನೆಯ ಹಿರಿಯರೊಬ್ಬರು ಕೂತು ಹೇಳಿದ ಹಾಗಿದೆ. ಕೇಳುವುದಕ್ಕೆ ಹೊಸಬರಾದವರು ಇಂಥದ್ದರಿಂದ ಶುರು ಮಾಡುವುದು ವಾಸಿ.

ರೆಕಾರ್ಡಿಂಗಿನ ಅಳತೆಗಳಿಗೆ ಆಡಿಯೊಬುಕ್ ಮಾರುವ ಆಡಿಬಲ್‌ ಕಂಪನಿಯ ಎಸಿಎಕ್ಸ್ ತಾಣದ ಮಾನದಂಡವನ್ನು ಹಿಡಿಯುವುದು ಕ್ಷೇಮ: ಸರಾಸರಿ ಮಟ್ಟ ಮೈನಸ್ 23ರಿಂದ ಮೈನಸ್ 18 ಡೆಸಿಬೆಲ್ ಆರ್‌ಎಂಎಸ್ ನಡುವೆ, ಅತಿ ಹೆಚ್ಚೆಂದರೆ ಮೈನಸ್ 3, ಮೌನದಲ್ಲಿ ಕೋಣೆಯ ಸದ್ದು ಮೈನಸ್ 60ಕ್ಕಿಂತ ಕೆಳಗೆ. 44.1 ಕಿಲೊಹರ್ಟ್ಸ್, 192 ಕೆಬಿಪಿಎಸ್ ಎಂಪಿ3. ಒಂದು ಫೈಲು 120 ನಿಮಿಷ ಮೀರಬಾರದು. ಮೊದಲ ಎರಡು ಅಂಕಿ ಸಾಫ್ಟ್‌ವೇರಿನಲ್ಲಿ ಸರಿಯಾಗುತ್ತವೆ. ಮೂರನೆಯದು, ಅಂದರೆ ಕೋಣೆಯ ಸದ್ದು, ಮನೆಯಲ್ಲೇ ಸರಿಯಾಗಬೇಕು. ಫ್ಯಾನ್, ಫ್ರಿಜ್ ಬಂದ್. ಬಟ್ಟೆ ತುಂಬಿದ ಬೀರುವಿನ ಮುಂದೆ ಕೂತು ಬೆನ್ನ ಹಿಂದೆ ರಜಾಯಿ ಇಳಿಬಿಟ್ಟರೆ ಗೋಡೆಯ ಪ್ರತಿಧ್ವನಿ ಸಾಯುತ್ತದೆ. ಹೊರಗಿನ ಹಾರ್ನ್ ಸಾಯುವುದಿಲ್ಲ, ಅದಕ್ಕೆ ಹೊತ್ತು ನೋಡಿಕೊಳ್ಳಬೇಕು. ಊರಿನಲ್ಲಾದರೆ ರಾತ್ರಿ ಒಳ್ಳೆಯದು. ಮಲೆನಾಡಿನಲ್ಲಿ ಮಳೆಗಾಲದ ರಾತ್ರಿ ಜೀರುಂಡೆ ಬಿಡುವುದಿಲ್ಲ, ಹಗಲೇ ಗತಿ. ನಾಯ್ಸ್ ರಿಡಕ್ಷನ್ ಜೋರಾಗಿ ತಿರುಗಿಸಿದರೆ ಜೀರುಂಡೆಯ ಜೊತೆ ‘ಸ’, ‘ಶ’ಗಳೂ ಹೋಗುತ್ತವೆ.

ದಿನಕ್ಕೆ ಎರಡು–ಮೂರು ಗಂಟೆಗಿಂತ ಹೆಚ್ಚು ಓದಬೇಡಿ, ದಿನವೂ ಒಂದೇ ಹೊತ್ತಿಗೆ ಓದಿ. ಬೆಳಗಿನ ದನಿ ಭಾರ, ಸಂಜೆಯದು ತೆಳು. ಎರಡನ್ನೂ ಒಂದೇ ಅಧ್ಯಾಯದಲ್ಲಿ ಜೋಡಿಸಿದರೆ ಹೊಲಿಗೆ ಕಾಣುತ್ತದೆ. ಸಿದ್ಧವಾದ ಒಂದು ಗಂಟೆಯ ಆಡಿಯೊಗೆ ಓದು, ಎಡಿಟಿಂಗ್, ತಿದ್ದುಪಡಿ ಸೇರಿ ಆರು ಗಂಟೆಯಾದರೂ ಬೇಕು. ಮೇಲಿನ ಆರೂಕಾಲು ಗಂಟೆಯ ಕಾದಂಬರಿಗೆ ಹೆಚ್ಚುಕಡಿಮೆ ನಲವತ್ತು ಗಂಟೆ.

ತಪ್ಪು ಹಿಡಿಯುವವರು ಓದಿದವರೇ ಆಗಿರಬಾರದು. ಬೇರೊಬ್ಬರು ಅಚ್ಚಾದ ಪುಸ್ತಕ ಕೈಯಲ್ಲಿ ಹಿಡಿದು ಕೇಳಬೇಕು. ಎರಡು ಸಾಲು ಒಂದೇ ಪದದಲ್ಲಿ ಮುಗಿದಾಗ ನಡುವಿನದು ಹಾರಿಹೋಗುವುದು, ‘ಅವನು’ ‘ಅವಳು’ ಅದಲುಬದಲು, ‘ಲಿಲ್ಲ’ ನುಂಗಿಹೋಗಿ ಅರ್ಥ ತಲೆಕೆಳಗಾಗುವುದು ಇವು ಪದೇ ಪದೇ ಸಿಗುತ್ತವೆ. ಸ್ಕ್ಯಾನ್ ಮಾಡಿ ಓಸಿಆರ್‌ನಿಂದ (ಚಿತ್ರದಲ್ಲಿನ ಅಕ್ಷರ ಗುರುತಿಸುವ ತಂತ್ರಾಂಶ) ತೆಗೆದ ಪಠ್ಯವನ್ನು ಓದಲು ಕೊಟ್ಟರಂತೂ ‘ಮ’ ಹೋಗಿ ‘ವು’, ‘ಪ’ ಹೋಗಿ ‘ಷ’ ಬಂದಿರುತ್ತದೆ.

ಹಕ್ಕಿನ ವಿಷಯಕ್ಕೆ ಬಂದರೆ, ಹಲವರು ‘ಸಿನಿಮಾದವರು ಆಗಲೇ ಹಕ್ಕು ಕೊಂಡಿದ್ದಾರಲ್ಲ, ಅವರನ್ನೇ ಕೇಳೋಣ’ ಎಂದುಕೊಳ್ಳುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 14ನೇ ಕಲಮಿನಲ್ಲಿ ಕೃತಿಯಿಂದ ಚಲನಚಿತ್ರ ಮಾಡುವುದನ್ನೂ ಧ್ವನಿಮುದ್ರಣ ಮಾಡುವುದನ್ನೂ ಹೆಸರಿಸಿ ಹೇಳಿದೆ. ಒಂದನ್ನು ಕೊಟ್ಟ ಮಾತ್ರಕ್ಕೆ ಇನ್ನೊಂದು ಹೋಗುವುದಿಲ್ಲ. ಹಳೆಯ ಒಪ್ಪಂದದಲ್ಲಿ ಏನು ಬರೆದಿದೆ ಎಂದು ಓದಿ, ಲೇಖಕರ ವಾರಸುದಾರರ ಸಹಿ ಬರವಣಿಗೆಯಲ್ಲಿ ಪಡೆಯಿರಿ. ಅದರಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು 19ನೇ ಕಲಮು ಹಿಡಿಯುತ್ತದೆ. ದುಬೈ, ನ್ಯೂಜೆರ್ಸಿಯ ಕನ್ನಡಿಗರಿಗೂ ಕೇಳಿಸಬೇಕೆಂದರೆ ‘ಜಗತ್ತಿನಾದ್ಯಂತ’ ಎಂದೇ ಬರೆಸಿ.

ಒಂದು ಬಾಗಿಲು ಮಾತ್ರ ತೆರೆದಿದೆ, ಹೆಚ್ಚು ಜನ ಗಮನಿಸಿಲ್ಲ. ಕೃತಿಸ್ವಾಮ್ಯ ಲೇಖಕರ ನಂತರ 60 ವರ್ಷ. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ. ಅವರು ಬದುಕಿದ್ದಾಗ ಅಚ್ಚಾದ ಕಾದಂಬರಿಗಳು 2024ರ ಜನವರಿ 1ರಿಂದ ಭಾರತದಲ್ಲಿ ಎಲ್ಲರ ಸ್ವತ್ತು. ಮರಣಾನಂತರ ಮೊದಲು ಪ್ರಕಟವಾದದ್ದಕ್ಕೆ ಲೆಕ್ಕ ಪ್ರಕಟಣೆಯ ವರ್ಷದಿಂದ ಶುರು, ಹಾಗಾಗಿ ಮೊದಲ ಮುದ್ರಣದ ಇಸವಿಯ ಪುಟವನ್ನು ಕಣ್ಣಾರೆ ನೋಡಿ. ಪುಟ್ಟಣ್ಣ ಸಿನಿಮಾ ಮಾಡಿದ ‘ಬೆಳ್ಳಿಮೋಡ’, ‘ಶರಪಂಜರ’ ಎರಡೂ ತ್ರಿವೇಣಿಯವರವೇ. ಆದರೆ ಸಿನಿಮಾಗಳ ಹಕ್ಕು ಬೇರೆ, ಕಾದಂಬರಿ ಮುಕ್ತವಾದರೂ ಮುಖಪುಟಕ್ಕೆ ಕಲ್ಪನಾ ಅವರ ಸಿನಿಮಾ ಫೋಟೊ ಹಾಕುವಂತಿಲ್ಲ, ಅಧ್ಯಾಯದ ನಡುವೆ ಹಾಡಿನ ತುಣುಕು ನುಸುಳಿಸುವಂತಿಲ್ಲ. ಹಾಕದಿದ್ದರೇ ಲಾಭ ಅನ್ನಿ. ಮುಖಪುಟದಲ್ಲಿ ಕಲ್ಪನಾ ಕಂಡರೆ ಓದುವವರು ಏನೇ ಮಾಡಿದರೂ ‘ಶರಪಂಜರ’ದ ಕಾವೇರಿಗೆ ಕಲ್ಪನಾ ಅವರದೇ ದನಿ.

ಕೊನೆಯದಾಗಿ ಫೈಲಿನ ತುದಿ. ‘ಸಂಸ್ಕಾರ’ ಮುಗಿಯುವುದು ಆಚಾರ್ಯರು ಗಾಡಿಯಲ್ಲಿ ಕೂತು, ಮುಂದೇನು ಎಂದು ಗೊತ್ತಿಲ್ಲದೆ ಕಾಯುತ್ತಿರುವಲ್ಲಿಗೆ. ಆ ಸಾಲಾದ ತಕ್ಷಣ ವೀಣೆ ನುಡಿಸಿ ‘ಇಲ್ಲಿಗೆ ಕಾದಂಬರಿ ಮುಗಿಯಿತು, ಓದಿದವರು…’ ಎಂದರೆ ಅಷ್ಟೂ ಗಂಟೆಗಳ ಕೆಲಸ ನೀರಿಗೆ. ಮಾನದಂಡದ ಪ್ರಕಾರ ಫೈಲಿನ ಕೊನೆಗೆ ಒಂದರಿಂದ ಐದು ಸೆಕೆಂಡ್ ಖಾಲಿ ಬಿಡಬಹುದು. ಇಲ್ಲಿ ಐದನ್ನೂ ಬಿಡಿ. ಪೂರ್ತಿ ನಿಶ್ಶಬ್ದ ತುಂಬಬೇಡಿ, ಫೋನ್ ನಿಂತುಹೋಯಿತೇನೋ ಅನ್ನಿಸುತ್ತದೆ. ಓದಿದ ಕೋಣೆಯಲ್ಲೇ ಸುಮ್ಮನೆ ಕೂತು ರೆಕಾರ್ಡ್ ಮಾಡಿದ ರೂಮ್ ಟೋನ್ ಹಾಕಿ. ಓದಿದವರ ಹೆಸರು ಬೇರೆ ಫೈಲಿನಲ್ಲಿ ಬರಲಿ.